ಸಾಮಾನು ಕಟ್ಟಿ ಓಡಿಸಿ ನೋಡಿದೀರಾ?

ಎಲ್ಲರಿಗೂ ನಮಸ್ಕಾರ. ಶಾಲೆ ಮಕ್ಕಳನ್ನ ಸೈಕಲ್ ಮೇಲೆ ಕ್ಯಾಂಪಿಂಗ್‌ಗೆ ಕರ್ಕೊಂಡು ಹೋಗೋಕೆ ಏನೇನು ತಯಾರಿ ಬೇಕು ಅಂತ ಹೇಳಿ ಅಂದಿದಾರೆ, ಬಂದಿದೀನಿ. ಈಗ ಇದನ್ನ ಕೇಳ್ತಿರೋರಲ್ಲಿ ಯಾರೋ ಒಬ್ಬ ಪಿಟಿ ಮೇಷ್ಟ್ರು ಇದಾರೆ, ಹೆಡ್‌ಮಾಸ್ಟರ್ ಹತ್ರ ಪರ್ಮಿಷನ್ ಸಿಕ್ಕಿದೆ, ಡೇಟೂ ಫಿಕ್ಸ್ ಆಗಿದೆ, ಮಕ್ಕಳು ಕುಣೀತಿದಾರೆ, ಒಳಗೊಳಗೇ ಅವರಿಗೆ ಮಾತ್ರ ಸ್ವಲ್ಪ ದಿಗಿಲು. ನಾನು ಮಾತಾಡ್ತಿರೋದು ಅವರ ಜೊತೆ. ಪಕ್ಕದಲ್ಲಿ ತಂದೆ ತಾಯಿ ಇದ್ರೆ ಅವರೂ ಕೇಳಿಸ್ಕೊಳ್ಳಿ.

ನಾನು ಹೇಳೋಕೆ ಬಂದಿರೋದು ಒಂದೇ ವಿಷಯ. ಹೊರಡೋಕೆ ಮುಂಚೆ ಒಂದು ಸಲ, ಟ್ರಿಪ್ಪಿಗೆ ಏನೇನು ಒಯ್ತಾರೋ ಅಷ್ಟೂ ಸಾಮಾನನ್ನ ಅದೇ ಸೈಕಲ್ಲಿಗೆ ಕಟ್ಟಿ, ಅದೇ ಮಕ್ಕಳು ಓಡಿಸಬೇಕು. ಓಡಿಸ್ಕೊಂಡು ಬಂದು ಶಾಲೆ ಮೈದಾನದಲ್ಲೇ ಟೆಂಟ್ ಹಾಕಿ ರಾತ್ರಿ ಮಲಗಬೇಕು, ಬೆಳಗ್ಗೆ ಎದ್ದು ಅದನ್ನೆಲ್ಲಾ ವಾಪಸ್ ಕಟ್ಟಿ ಮತ್ತೆ ಓಡಿಸಬೇಕು. ಇದೊಂದು ಮಾಡಿ. ಬೇರೇನೂ ಮಾಡದಿದ್ರೂ ಇದೊಂದು ಮಾಡಿ.

ಇದನ್ನ ಹೇಳಿದ ತಕ್ಷಣ ಎಲ್ಲಾ ಕಡೆ ಒಂದೇ ಉತ್ತರ, ನಮ್ ಮಕ್ಕಳು ದಿನಾ ಸೈಕಲ್ಲಲ್ಲೇ ಸ್ಕೂಲಿಗೆ ಬರ್ತಾರೆ ಸಾರ್, ಅವ್ರಿಗೆ ಅದೆಲ್ಲಾ ಹೇಳ್ಕೊಡೋದೇನೂ ಬೇಡ. ಬರ್ತಾರೆ, ಖಾಲಿ ಸೈಕಲ್ಲಲ್ಲಿ ಬರ್ತಾರೆ. ಹಿಂದೆ ಹತ್ತು ಕಿಲೋ ಏರಿಸಿದ ಮೇಲೆ ಅದು ಬೇರೇನೇ ಗಾಡಿ. ಬ್ರೇಕ್ ಹಿಡಿದ್ರೆ ನಿಲ್ಲೋಕೆ ಜಾಸ್ತಿ ದೂರ ಬೇಕು, ತಿರುವಿನಲ್ಲಿ ಹಿಂದೆಯಿಂದ ಎಳೆಯತ್ತೆ, ಏರಿನಲ್ಲಿ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ಹೇಳಿದ ಮಾತು ಕೇಳಲ್ಲ, ಸೈಕಲ್ಲಿಂದ ಇಳಿಯೋಕೆ ಕಾಲೆತ್ತಿದ್ರೆ ಬ್ಯಾಗಿಗೆ ತಗಲತ್ತೆ. ಇದನ್ನ ಹೇಳಿಕೊಟ್ರೆ ಮಕ್ಕಳು ತಲೆ ಅಲ್ಲಾಡಿಸ್ತಾರೆ ಅಷ್ಟೇ, ಓಡಿಸಿದ್ರೇನೇ ಗೊತ್ತಾಗೋದು.

ಒಂದು ಶಾಲೆಯ ಟ್ರಿಪ್ಪಿನ ಕಥೆ ಹೇಳ್ತೀನಿ, ಕೇಳಿ. ಆ ಶಾಲೆಯೋರು ನನ್ನನ್ನ ಹಿಂದಿನ ಕಾವಲಿಗೆ ಕರೆದಿದ್ರು, ಅಂದ್ರೆ ಸಾಲಿನಲ್ಲಿ ಎಲ್ಲರಿಗಿಂತ ಕೊನೇಲಿ ಬರೋ ದೊಡ್ಡೋನು. ಈಗ ಹೇಳಿದ್ನಲ್ಲ, ಆ ತಾಲೀಮು ಮಾಡಿಸಿ ಅಂತ ಮೊದಲೇ ಬರೆದು ಕೊಟ್ಟಿದ್ದೆ, ಅದಕ್ಕೆ ಡೇಟೂ ಫಿಕ್ಸ್ ಆಗಿತ್ತು, ಆಮೇಲೆ ಆ ಶನಿವಾರ ಯಾವುದೋ ಟೆಸ್ಟ್ ಬಂತು ಅಂತ ಕ್ಯಾನ್ಸಲ್ ಮಾಡಿದ್ರು. ಎಂಟನೇ ಕ್ಲಾಸಿನ ಮಕ್ಕಳು. ಅದರಲ್ಲಿ ಒಬ್ಬ ಹುಡುಗ ಇದ್ದ, ಕೈ ಬಿಟ್ಟು ಓಡಿಸೋನು, ಮುಂದಿನ ಚಕ್ರ ಎತ್ತೋನು, ಇಡೀ ಶಾಲೆಗೇ ಸೈಕಲ್ ಹೀರೋ. ಅವನ ಕ್ಯಾರಿಯರ್ ಮೇಲೆ ಟೆಂಟು, ಅದರ ಮೇಲೆ ಚಾಪೆ ಸುರುಳಿ, ಅದರ ಮೇಲೆ ಬಟ್ಟೆ ಬ್ಯಾಗು, ಎಲ್ಲಾ ಸೇರಿ ಅವನ ಭುಜದ ಮಟ್ಟಕ್ಕೆ ಬಂದಿತ್ತು, ಒಂದೇ ಒಂದು ನೈಲಾನ್ ಹಗ್ಗದಲ್ಲಿ ಸುತ್ತಿ ಗಂಟು ಹಾಕಿದ್ರು. ಆ ಹಗ್ಗದ ತುದಿ ಒಂದು ಗೇಣು ಉದ್ದ ಕೆಳಗೆ ನೇತಾಡ್ತಿತ್ತು. ನಾನು ಅದನ್ನ ಬಿಗಿದು ಒಳಗೆ ಸಿಗಿಸಿದೆ, ಒಂದು ಗಂಟೆ ಹೊತ್ತಿಗೆ ಅಲ್ಲಾಡಿ ಅಲ್ಲಾಡಿ ಮತ್ತೆ ಹೊರಗೆ ಬಂದಿದೆ.

ಮಟ್ಟಸ ರಸ್ತೇಲಿ ಏನೂ ತೊಂದರೆ ಆಗಲಿಲ್ಲ. ಆಮೇಲೆ ಒಂದು ಉದ್ದದ ಇಳಿಜಾರು ಬಂತು. ಹುಡುಗ ಎಂದಿನ ಹಾಗೆ ಬಿಟ್ಟ. ಸ್ಪೀಡ್ ಏರ್ತಾ ಏರ್ತಾ ಹಿಂದಿನ ಗೋಪುರ ಎಡಕ್ಕೆ ಬಲಕ್ಕೆ ತೂಗೋಕೆ ಶುರುವಾಯ್ತು, ಮರುಕ್ಷಣ ಹ್ಯಾಂಡಲ್ ನಡುಗೋಕೆ ಶುರು. ಸಾಮಾನು ಎತ್ತರದಲ್ಲಿ ಸಡಿಲವಾಗಿದ್ರೆ ಹೀಗಾಗತ್ತೆ, ಸೈಕಲ್ ಒಂದು ಕಡೆ ವಾಲಿದಾಗ ಸಾಮಾನು ಒಂದು ಗಳಿಗೆ ತಡವಾಗಿ ವಾಲತ್ತೆ, ಸೈಕಲ್ ನೆಟ್ಟಗಾದ್ರೂ ಅದು ಇನ್ನೂ ಆ ಕಡೆಗೇ ಎಳೀತಿರತ್ತೆ, ಸ್ಪೀಡ್ ಹೆಚ್ಚಿದಷ್ಟೂ ನಡುಕ ಹೆಚ್ಚು. ಆಗ ಮಾಡಬೇಕಾದ್ದು ಏನಪ್ಪಾ ಅಂದ್ರೆ ಹ್ಯಾಂಡಲ್ಲನ್ನ ಉಡದ ಹಿಡಿತ ಹಿಡೀಬಾರದು, ಎರಡು ಮೊಣಕಾಲಿನ ಮಧ್ಯ ಸೈಕಲ್ಲಿನ ಮೇಲಿನ ರಾಡನ್ನ ಒತ್ತಿ ಹಿಡ್ಕೋಬೇಕು, ಎರಡೂ ಬ್ರೇಕನ್ನ ಮೆಲ್ಲಮೆಲ್ಲಗೆ ಒತ್ತುತ್ತಾ ಸ್ಪೀಡ್ ಇಳಿಸಬೇಕು. ಯಾರಾದ್ರೂ ಹೇಳಿಕೊಟ್ಟಿದ್ರೆ ತಾನೇ ಗೊತ್ತಿರೋದು. ಅವನು ಕೈ ಬಿಗಿ ಮಾಡಿ ಹಿಂದಿನ ಬ್ರೇಕನ್ನ ಒಂದೇ ಸಲ ಅದುಮಿದ. ಚಕ್ರ ಲಾಕ್ ಆಗಿ ಜಾರ್ತು, ಇವನು ಸೈಕಲ್ ಸಮೇತ ರಸ್ತೆ ಪಕ್ಕದ ಹುಲ್ಲಿಗೆ ಹೋಗಿ ಬಿದ್ದ. ಹುಲ್ಲಿತ್ತು, ಹೆಲ್ಮೆಟ್ ಇತ್ತು, ಅಂಗೈ ತರಚಿದ್ದು ಬಿಟ್ರೆ ಏನೂ ಆಗಲಿಲ್ಲ. ಹಿಂದಿನ ಚಕ್ರ ನೋಡ್ತೀನಿ, ಆ ಹಗ್ಗದ ತುದಿ ಫ್ರೀವ್ಹೀಲಿಗೂ, ಅಂದ್ರೆ ಚೈನು ಕೂರೋ ಹಿಂದಿನ ಹಲ್ಲಿನ ಚಕ್ರಕ್ಕೂ, ಕಡ್ಡಿಗೂ ಮಧ್ಯೆ ಸುತ್ತಿಕೊಂಡು ಕಚ್ಚಿಕೊಂಡಿದೆ. ರಸ್ತೆ ಪಕ್ಕ ಕೂತು ಚಾಕುವಿನ ತುದಿಯಲ್ಲಿ ಒಂದೊಂದೇ ಎಳೆ ಕಿತ್ತು ತೆಗೆಯೋಕೆ ಮುಕ್ಕಾಲು ಗಂಟೆ ಹಿಡೀತು, ಅಷ್ಟೂ ಹೊತ್ತು ಉಳಿದ ಮಕ್ಕಳೆಲ್ಲಾ ಬಿಸಿಲಲ್ಲಿ ನಿಂತಿದ್ರು.

ಅದೇ ಗುಂಪಲ್ಲಿ ಒಬ್ಬಳು ಹುಡುಗಿ ಇದ್ಲು, ಮಾತು ಕಮ್ಮಿ, ಸೈಕಲ್ಲೂ ಹಳೇದು, ಗೇರೂ ಇಲ್ಲ. ಅವಳ ಸಾಮಾನು ಕ್ಯಾರಿಯರಿನ ಎರಡೂ ಪಕ್ಕಕ್ಕೆ ಸಮ ತೂಕದಲ್ಲಿ, ಚಕ್ರದ ಅಚ್ಚಿನ ಹತ್ರ ತಗ್ಗಿನಲ್ಲಿ ನೇತಾಡ್ತಿತ್ತು, ಪಟ್ಟಿಗಳ ತುದಿಯನ್ನೆಲ್ಲಾ ರಬ್ಬರ್ ಬ್ಯಾಂಡ್ ಹಾಕಿ ಮಡಚಿದ್ಲು. ಯಾರಮ್ಮ ಹೇಳಿಕೊಟ್ಟಿದ್ದು ಅಂದೆ. ಯಾರೂ ಇಲ್ಲ ಸಾರ್, ಮನೆ ಹತ್ರ ಕಟ್ಟಿಕೊಂಡು ಓಡಿಸಿ ನೋಡಿದೆ, ಮೊದಲನೇ ಸಲ ಎಲ್ಲಾ ಒಂದು ಕಡೆ ವಾಲ್ತು, ಎರಡನೇ ಸಲ ಪಟ್ಟಿ ಚಕ್ರಕ್ಕೆ ಸಿಕ್ಕಿತು, ಆಮೇಲೆ ಹೀಗೆ ಮಾಡಿದೆ ಅಂದ್ಲು. ಆ ಇಳಿಜಾರನ್ನ ಅವಳು ಆರಾಮಾಗಿ ಇಳಿದ್ಲು. ಇಷ್ಟೇರೀ ನಾನು ಹೇಳ್ತಿರೋದು! ಹೀರೋ ಹುಡುಗನಿಗೆ ಇಲ್ಲದ್ದು ಆ ಹುಡುಗಿಗೆ ಇದ್ದದ್ದು ಅದೊಂದೇ, ಅವಳು ಸಾಮಾನು ಕಟ್ಟಿ ಓಡಿಸಿ ನೋಡಿದ್ಲು.

ಹಾಗಾಗಿ ತಾಲೀಮಿನ ದಿನ ಏನು ಮಾಡಿಸ್ಬೇಕು ಅಂದ್ರೆ, ಮೊದಲು ಪ್ರತಿ ಮಗುವೂ ತನ್ನ ಸಾಮಾನು ತಾನೇ ಕಟ್ಟಲಿ. ಅಪ್ಪ ಅಮ್ಮ ದಯವಿಟ್ಟು ಕೈ ಹಾಕಬೇಡಿ, ಕ್ಯಾಂಪಲ್ಲಿ ಬೆಳಗ್ಗೆ ಕಟ್ಟಿಕೊಡೋಕೆ ನೀವಿರಲ್ಲ. ಭಾರದ್ದು ಕೆಳಗೆ, ಎರಡು ಪಕ್ಕಕ್ಕೂ ಸಮ, ಮಳೆ ಕೋಟು ಎಲ್ಲಕ್ಕಿಂತ ಮೇಲೆ ಕೈಗೆ ಸಿಗೋ ಹಾಗೆ, ಬೆನ್ನಿಗೆ ಏನೂ ಬೇಡ. ಕಟ್ಟಿದ ಮೇಲೆ ಸೈಕಲ್ಲನ್ನ ನೆಲಕ್ಕೆ ಮಲಗಿಸಿ, ಮಗು ತಾನೇ ಅದನ್ನ ಎತ್ತಿ ನಿಲ್ಲಿಸಲಿ. ಎತ್ತೋಕೆ ಆಗಲ್ವಾ, ಸಾಮಾನು ಇಳಿಸಿ, ಚರ್ಚೆನೇ ಬೇಡ. ಎರಡನೇ ಚಪ್ಪಲಿ, ಮೂರನೇ ಟವೆಲ್ಲು, ದಪ್ಪ ದಪ್ಪ ಪುಸ್ತಕ ಎಲ್ಲಾ ಆಗ ತಾನಾಗೇ ಹೊರಗೆ ಬರತ್ತೆ.

ಆಮೇಲೆ ಮೈದಾನದಲ್ಲಿ ಸುಣ್ಣದಲ್ಲಿ ಒಂದು ಗೆರೆ ಎಳೆದು ಬ್ರೇಕ್ ಕಲಿಸಿ. ಖಾಲಿ ಸೈಕಲ್ಲಲ್ಲಿ ಗೆರೆ ಹತ್ರ ಬ್ರೇಕ್ ಹಿಡಿದು ಎಲ್ಲಿ ನಿಲ್ತಾರೆ, ಅದೇ ಸ್ಪೀಡಲ್ಲಿ ಸಾಮಾನು ಕಟ್ಟಿಕೊಂಡು ಬಂದ್ರೆ ಎಲ್ಲಿ ನಿಲ್ತಾರೆ, ಅವರೇ ನೋಡಲಿ. ಎಷ್ಟೋ ಮಕ್ಕಳಿಗೆ ಮುಂದಿನ ಬ್ರೇಕ್ ಅಂದ್ರೆ ಭಯ, ಮುಗ್ಗರಿಸಿ ಬೀಳ್ತೀವಿ ಅಂತ ಯಾರೋ ಹೆದರಿಸಿರ್ತಾರೆ. ಆದ್ರೆ ನಿಲ್ಲಿಸೋ ಶಕ್ತಿ ಹೆಚ್ಚಾಗಿ ಇರೋದು ಅದರಲ್ಲೇ, ಬ್ರೇಕ್ ಹಿಡಿದಾಗ ತೂಕವೆಲ್ಲಾ ಮುಂದಿನ ಚಕ್ರದ ಮೇಲೆ ಬರತ್ತಲ್ಲ. ಎರಡನ್ನೂ ಒಟ್ಟಿಗೆ, ಮೆತ್ತಗೆ, ಮೈಯನ್ನ ಸ್ವಲ್ಪ ಹಿಂದಕ್ಕೆ ಸರಿಸಿ ಹಿಡೀಬೇಕು. ತಿರುವಿನ ಒಳಗೆ ಹೋದ ಮೇಲೆ ಬ್ರೇಕ್ ಹುಡುಕೋದಲ್ಲ, ಅದಕ್ಕೆ ಮುಂಚೇನೇ ಸ್ಪೀಡ್ ಇಳಿದಿರಬೇಕು.

ಸೈಕಲ್ ಚೆಕ್ ಮಾಡೋದು ಬೇಗ ಹೇಳ್ತೀನಿ. ಗಾಳಿ, ಬ್ರೇಕು, ಚೈನು, ಈ ಮೂರು. ಗಾಳಿ ಎಷ್ಟು ಅಂತ ಟೈರಿನ ಪಕ್ಕದಲ್ಲೇ ಪಿಎಸ್‌ಐ ಅಂತ ಅಚ್ಚು ಹಾಕಿರ್ತಾರೆ, ಸಾಮಾನು ಇದ್ದಾಗ ಅದರ ಮೇಲಿನ ಮಿತಿಯ ಹತ್ರ ಇರಲಿ. ಬ್ರೇಕ್ ಲಿವರ್ ಹ್ಯಾಂಡಲ್ಲಿಗೆ ಬಂದು ತಗುಲಿದ್ರೆ ಕೇಬಲ್ ಬಿಗೀಬೇಕು. ಚೈನಿಗೆ ಎಣ್ಣೆ ಹಾಕಿ, ಹೊರಗಿನದನ್ನ ಬಟ್ಟೇಲಿ ಒರೆಸಿ, ಇಲ್ಲಾಂದ್ರೆ ಧೂಳೆಲ್ಲಾ ಅಲ್ಲೇ ಕೂರತ್ತೆ. ಹಾಂ, ಸೀಟು. ಪೆಡಲ್ ಕೆಳಗಿದ್ದಾಗ ಹಿಮ್ಮಡಿ ಇಟ್ರೆ ಕಾಲು ನೆಟ್ಟಗಾಗ್ಬೇಕು, ಅಷ್ಟು ಎತ್ತರ. ಮೊಣಕಾಲು ನೋವು ಅಂತ ಅಳೋ ಮಕ್ಕಳ ಸೀಟು ನೋಡಿ, ಹೆಚ್ಚಾಗಿ ತಗ್ಗಿನಲ್ಲೇ ಇರತ್ತೆ.

ಪಂಕ್ಚರ್ ಹಾಕೋದನ್ನ ಎಲ್ಲಾ ಮಕ್ಕಳಿಗೂ ಕಲಿಸಿ, ಇಬ್ಬರಿಗೆ ಗೊತ್ತಿದ್ರೆ ಸಾಲಲ್ಲ. ಟ್ಯೂಬನ್ನ ಸ್ಯಾಂಡ್ ಪೇಪರಲ್ಲಿ ಉಜ್ಜಿ, ಸೊಲ್ಯೂಷನ್ ತೆಳ್ಳಗೆ ಸವರಿ, ಆಮೇಲೆ ಕಾಯಬೇಕು. ಇಲ್ಲೇ ಮಕ್ಕಳು ಆತುರ ಬೀಳೋದು. ಹಸಿ ಇರೋವಾಗ್ಲೇ ಪ್ಯಾಚ್ ಅಂಟಿಸ್ತಾರೆ, ಅದು ಕಿತ್ತುಕೊಂಡು ಬರತ್ತೆ. ಹೊಳಪು ಹೋಗಿ ಬೆರಳಿಗೆ ಬರೀ ಅಂಟಂಟು ಅನ್ನಿಸ್ಬೇಕು, ಆಗ ಪ್ಯಾಚ್ ಇಟ್ಟು ಗಟ್ಟಿಯಾಗಿ ಒತ್ತಿ. ಟ್ಯೂಬ್ ವಾಪಸ್ ಹಾಕೋಕೆ ಮುಂಚೆ ಟೈರಿನ ಒಳಗೆ ಬಟ್ಟೆ ಆಡಿಸಿ ಮುಳ್ಳು ಹುಡುಕಿ. ಮುಳ್ಳು ಅಲ್ಲೇ ಉಳಿದ್ರೆ ನೂರು ಮೀಟರಿಗೆ ಮತ್ತೆ ಪಂಕ್ಚರ್.

ಟೈಮ್ ಆಗ್ತಿದೆ ಅಂತ ಸನ್ನೆ ಮಾಡ್ತಿದಾರೆ, ಆದ್ರೂ ರಾತ್ರಿ ವಿಷಯ ಹೇಳದೆ ಏಳಲ್ಲ. ಮೈದಾನದಲ್ಲಿ ಮಲಗಿದ ರಾತ್ರಿ ಏನೆಲ್ಲಾ ಗೊತ್ತಾಗತ್ತೆ ನೋಡಿ. ಯಾವ ಟೆಂಟಿಗೆ ಕಂಬಿ ಇಲ್ಲ, ಯಾರ ಟಾರ್ಚಿಗೆ ಬ್ಯಾಟರಿ ಇಲ್ಲ, ಯಾವ ಮಗು ಮನೆ ಬಿಟ್ಟು ಒಂದಿನಾನೂ ಮಲಗಿಲ್ಲ, ಯಾರಿಗೆ ರಾತ್ರಿ ಉಬ್ಬಸ ಬರತ್ತೆ. ಕೆಳಗೆ ಚಾಪೆ ಇಲ್ಲದೆ ಮೇಲೆ ಎಷ್ಟು ಹೊದ್ರೂ ಚಳಿನೇ, ನೆಲ ಮೈ ಕಾವನ್ನೆಲ್ಲಾ ಎಳ್ಕೊಳ್ಳತ್ತೆ, ಅದೂ ಆವತ್ತೇ ಗೊತ್ತಾಗ್ಲಿ. ಶಾಲೆ ಮೈದಾನದಲ್ಲಾದ್ರೆ ಎಲ್ಲದಕ್ಕೂ ದಾರಿ ಇದೆ, ಮನೆಗೊಂದು ಫೋನ್ ಮಾಡಿದ್ರೆ ಆಯ್ತು. ಅಷ್ಟು ದೂರ ಹೋದ ಮೇಲೆ ಏನ್ ಮಾಡ್ತೀರಿ?

ದಾರೀಲಿ ಒಬ್ಬರ ಹಿಂದೆ ಒಬ್ಬರು, ಮಧ್ಯೆ ಎರಡು ಸೈಕಲ್ಲಿನಷ್ಟು ಜಾಗ, ಇಳಿಜಾರಲ್ಲಿ ಇನ್ನೂ ಜಾಸ್ತಿ. ತುಂಬಾ ನಿಧಾನದ ಮಗು ಮುಂದೆ ಇರೋ ಮೇಷ್ಟ್ರ ಬೆನ್ನಿಗೇ ಇರಲಿ, ಇಡೀ ಸಾಲು ಅದರ ಸ್ಪೀಡಿಗೆ ಹೋಗ್ಲಿ. ಬಾಯಾರೋಕೆ ಮುಂಚೆ ನೀರು ಕುಡಿಸಿ. ಮೊದಲನೇ ಟ್ರಿಪ್ಪಿಗೆ ದಿನಕ್ಕೆ ಇಪ್ಪತ್ತೈದು ಮೂವತ್ತು ಕಿಲೋಮೀಟರ್ ಧಾರಾಳ ಸಾಕು, ಕತ್ತಲಾಗೋಕೆ ಎರಡು ಗಂಟೆ ಮುಂಚೆ ಟೆಂಟ್ ಎದ್ದಿರಬೇಕು. ಯಾರಿಗೆ ಯಾವ ಔಷಧಿ, ಯಾವುದು ಅಲರ್ಜಿ ಅನ್ನೋ ಪಟ್ಟಿ ಮುಂದಿನ ಮೇಷ್ಟ್ರ ಹತ್ರ ಒಂದು, ಹಿಂದಿನೋರ ಹತ್ರ ಒಂದು.

ತಾಲೀಮನ್ನ ಟ್ರಿಪ್ಪಿನ ಹಿಂದಿನ ದಿನ ಮಾತ್ರ ಇಟ್ಟುಕೋಬೇಡಿ, ಎರಡು ವಾರ ಮುಂಚೆ ಮಾಡಿ. ಆವತ್ತು ಕ್ಯಾರಿಯರ್ ಬೋಲ್ಟ್ ಕಿತ್ತು ಬರತ್ತೆ, ಟೈರ್ ಸವೆದಿರೋದು ಕಾಣತ್ತೆ, ಟೆಂಟ್ ಜಿಪ್ ಹೋಗಿರತ್ತೆ, ಇದನ್ನೆಲ್ಲಾ ರಿಪೇರಿ ಮಾಡಿಸೋಕೆ ದಿನ ಬೇಡ್ವಾ? ಆ ಶನಿವಾರ ಟೆಸ್ಟ್ ಬಿತ್ತು ಅಂದ್ರೆ ಭಾನುವಾರ ಮಾಡಿ. ಭಾನುವಾರ ಮಳೆ ಬಂದ್ರೆ ಮಳೇಲೇ ಮಾಡಿ, ಒದ್ದೆ ರಿಮ್ಮಿಗೆ ಬ್ರೇಕ್ ರಬ್ಬರ್ ಹೇಗೆ ಜಾರತ್ತೆ ಅಂತ ಮಕ್ಕಳಿಗೆ ಅಲ್ಲೇ ಗೊತ್ತಾಗತ್ತೆ. ನಮಸ್ಕಾರ.