ಮಾತಿಗೆ ತಪ್ಪದ ಗೊಲ್ಲಮ್

[ದೃಶ್ಯ: ಪೂರ್ತಿ ಕತ್ತಲೆ. ನೀರು ತೊಟ್ಟಿಕ್ಕುವ ಸದ್ದು. ನಿಧಾನವಾಗಿ ಎರಡು ಕಣ್ಣು ಹೊಳೆಯುತ್ತವೆ.]

ಈ ಕಣ್ಣು ಯಾರದ್ದು ಅಂತ ಹೇಳಬೇಕಾಗಿಲ್ಲ, ಅಲ್ವಾ? ಗೊಲ್ಲಮ್. 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಸಿನಿಮಾ ನೋಡದವರು ಕೂಡ "ಮೈ ಪ್ರೆಶಿಯಸ್" ಎಂದು ಯಾರೋ ಗಂಟಲು ಬಿಗಿದು ಮಿಮಿಕ್ರಿ ಮಾಡಿದ್ದನ್ನು ಕೇಳಿರುತ್ತಾರೆ. ಒಂದು ಉಂಗುರಕ್ಕಾಗಿ ಯಾರ ಕುತ್ತಿಗೆಗೆ ಬೇಕಾದರೂ ಕೈ ಹಾಕುವವನು.

ಆದರೆ 1937ರ ಸೆಪ್ಟೆಂಬರ್‌ನಲ್ಲಿ ಜೆ. ಆರ್. ಆರ್. ಟೋಲ್ಕಿನ್ ಅವರ 'ದಿ ಹಾಬಿಟ್' ಮೊದಲ ಸಲ ಅಚ್ಚಾದಾಗ ಅದರೊಳಗಿದ್ದ ಗೊಲ್ಲಮ್ ಬೇರೆಯೇ ಆಸಾಮಿ. ಅವನು ಆ ಉಂಗುರವನ್ನು ತಾನಾಗಿಯೇ ಕೊಡಲು ಹೊರಟಿದ್ದ. ಕೊಡಲಾಗದೆ ಹೋದಾಗ ಮತ್ತೆ ಮತ್ತೆ ಕ್ಷಮೆ ಕೇಳಿದ್ದ.

ಹದಿನಾಲ್ಕು ವರ್ಷ ಕಳೆದು ಬಂದ ಎರಡನೇ ಆವೃತ್ತಿಯಲ್ಲಿ ಅವನು ಕೆಟ್ಟವನಾದ. ಯಾಕೆ ಅನ್ನುವುದೇ ಇವತ್ತಿನ ವಿಷಯ. "ಫ್ಯಾಂಟಸಿ ಅಂದ್ರೆ ಬಿಳಿ ಕುದುರೆ ಮೇಲೆ ಒಳ್ಳೆಯವರು, ಕಪ್ಪು ಕೋಟೆಯಲ್ಲಿ ಕೆಟ್ಟವರು, ಅಷ್ಟೇ" ಎನ್ನುವ ಗೆಳೆಯರು ನಿಮಗಿದ್ದರೆ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.

[ದೃಶ್ಯ: ಬೆಟ್ಟದ ಅಡಿಯ ಸುರಂಗ. ಕಪ್ಪು ಕೆರೆ, ನಡುವೆ ಸಣ್ಣ ದ್ವೀಪ.]

ಮೊದಲು 1937ರ ಕತೆ. ಬಿಲ್ಬೋ ಎಂಬ ಹಾಬಿಟ್, ಅಂದರೆ ಮನುಷ್ಯರಿಗಿಂತ ಗಿಡ್ಡ ಜನರಲ್ಲಿ ಒಬ್ಬ, ಸುರಂಗದಲ್ಲಿ ದಾರಿ ತಪ್ಪಿದ್ದಾನೆ. ನೆಲದ ಮೇಲೆ ಕೈಗೆ ಒಂದು ಉಂಗುರ ಸಿಗುತ್ತದೆ. ಸುಮ್ನೆ ಜೇಬಿಗೆ ಹಾಕಿಕೊಳ್ಳುತ್ತಾನೆ. ಆಮೇಲೆ ಗೊಲ್ಲಮ್ ಎದುರಾಗುತ್ತಾನೆ. ಇಬ್ಬರಿಗೂ ಒಗಟಿನ ಪಂದ್ಯ. ಬಿಲ್ಬೋ ಸೋತರೆ ಗೊಲ್ಲಮ್ ಅವನನ್ನು ತಿನ್ನುತ್ತಾನೆ. ಗೆದ್ದರೆ ಒಂದು ಉಡುಗೊರೆ ಕೊಡುತ್ತಾನೆ.

ಬಿಲ್ಬೋ ಗೆಲ್ಲುತ್ತಾನೆ. ಅವನು ಕೊನೆಗೆ ಕೇಳಿದ್ದು ಒಗಟೇ ಅಲ್ಲ, "ನನ್ನ ಜೇಬಿನಲ್ಲಿ ಏನಿದೆ?" ಅಂತ. ನನ್ನ ಪ್ರಕಾರ ಅದು ಮೋಸವೇ. ಇರಲಿ. ಗೊಲ್ಲಮ್ ಉಡುಗೊರೆ ತರಲು ದ್ವೀಪಕ್ಕೆ ಹೋಗುತ್ತಾನೆ. ಅವನು ಕೊಡಬೇಕೆಂದಿದ್ದದ್ದು ಅದೇ ಉಂಗುರ. ಸಿಗುವುದಿಲ್ಲ. ಪಾಪ, ಪೇಚಾಡಿಕೊಳ್ಳುತ್ತಾನೆ. ಬದಲಿಗೆ ಹೊರಗಿನ ದಾರಿ ತೋರಿಸು ಎಂದು ಬಿಲ್ಬೋ ಕೇಳಿದರೆ ತೋರಿಸಿ ಕಳಿಸುತ್ತಾನೆ. ಪುಣ್ಯಕೋಟಿಯ ಮಟ್ಟ ಅಲ್ಲದಿರಬಹುದು, ಆದರೆ ಕೊಟ್ಟ ಭಾಷೆಗೆ ತಪ್ಪಲಿಲ್ಲ.

ಇಲ್ಲಿ ಉಂಗುರ ಅಂದರೆ ಹಾಕಿಕೊಂಡರೆ ಮಾಯವಾಗುವ ಒಂದು ಆಟಿಕೆ. ಅದಕ್ಕಿಂತ ಜಾಸ್ತಿ ಏನೂ ಇಲ್ಲ.

ಪುಸ್ತಕ ಚೆನ್ನಾಗಿ ಓಡಿತು. ಪ್ರಕಾಶಕರು ಇನ್ನೊಂದು ಕೇಳಿದರು. ಅದೇ ಡಿಸೆಂಬರ್‌ನಲ್ಲಿ ಟೋಲ್ಕಿನ್ ಮುಂದಿನ ಕತೆ ಶುರು ಮಾಡಿದರು. ಅದು ಬೆಳೆದು ಬೆಳೆದು 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಆಯಿತು. 1954 ಮತ್ತು 1955ರಲ್ಲಿ ಮೂರು ಸಂಪುಟಗಳಾಗಿ ಬಂತು. ಆ ಕತೆಯಲ್ಲಿ ಉಂಗುರದ ತೂಕವೇ ಬದಲಾಯಿತು. ಅದು ಸೌರಾನ್ ಎಂಬ ದುಷ್ಟ ಒಡೆಯ ತನ್ನ ಶಕ್ತಿಯನ್ನು ಎರೆದು ಮಾಡಿದ ಉಂಗುರ. ಇಟ್ಟುಕೊಂಡವರನ್ನು ಅದೇ ಇಟ್ಟುಕೊಳ್ಳುತ್ತದೆ. ವರ್ಷಗಟ್ಟಲೆ ಬೆರಳಲ್ಲಿದ್ದರೆ ಅದನ್ನು ಮನಸಾರೆ ಬಿಟ್ಟುಕೊಡುವುದು ಹೆಚ್ಚುಕಡಿಮೆ ಅಸಾಧ್ಯ.

ಈಗ ತೊಂದರೆ ಕಾಣಿಸಿತಾ? ಗೊಲ್ಲಮ್ ಅದನ್ನು ಶತಮಾನಗಳ ಕಾಲ ಇಟ್ಟುಕೊಂಡವನು. ಅಂಥವನು ಒಗಟಿಗೆ ಬಹುಮಾನವಾಗಿ ಕೊಡುತ್ತೇನೆ ಅನ್ನಲು ಸಾಧ್ಯವೇ ಇಲ್ಲ. ಆದರೆ ಪುಸ್ತಕ ಅಚ್ಚಾಗಿ ಜನರ ಮನೆ ಸೇರಿದೆ!

[ದೃಶ್ಯ: ಒಂದು ಮೇಜು, ಅದರ ಮೇಲೆ ಎರಡು ಪುಸ್ತಕ. ಒಂದೇ ಹೆಸರು, ಬೇರೆ ಬೇರೆ ವರ್ಷ.]

1939ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನಲ್ಲಿ ಟೋಲ್ಕಿನ್ ಒಂದು ಉಪನ್ಯಾಸ ಕೊಟ್ಟಿದ್ದರು. ಮುಂದೆ ಅದೇ ಪ್ರಬಂಧವಾಯಿತು. ಅದರ ತಿರುಳು ಸರಳ. ಕತೆಗಾರ ಒಂದು ಬೇರೆಯೇ ಜಗತ್ತನ್ನು ಕಟ್ಟುತ್ತಾನೆ. ಆ ಜಗತ್ತಿಗೆ ತನ್ನದೇ ಕಾನೂನು ಇರುತ್ತದೆ. ಒಳಗಿರುವಷ್ಟು ಹೊತ್ತು ಓದುಗ ಅದನ್ನು ನಂಬುತ್ತಾನೆ. ಆ ಕಾನೂನು ಎಲ್ಲಾದರೂ ಸಡಿಲವಾಯಿತೋ, ಮಾಯೆ ಅಲ್ಲೇ ಒಡೆಯುತ್ತದೆ. ಹೀಗೆ ಹೇಳಿದ ಮನುಷ್ಯ ತನ್ನದೇ ಪುಸ್ತಕದ ತೂತನ್ನು ಹಾಗೇ ಬಿಡುತ್ತಾನಾ?

1947ರಲ್ಲಿ ಆ ಅಧ್ಯಾಯವನ್ನು ತಿದ್ದಿ, ಹೀಗೂ ಮಾಡಬಹುದು ನೋಡಿ ಎಂದು ಪ್ರಕಾಶಕರಿಗೆ ಕಳಿಸಿದರು. ಪ್ರಕಾಶಕರು 1951ರ ಆವೃತ್ತಿಗೆ ಅದನ್ನೇ ಸೇರಿಸಿಬಿಟ್ಟರು. ಇವತ್ತು ನಾವು ಓದುವುದು ಇದನ್ನೇ. ಇದರಲ್ಲಿ ಪಂದ್ಯದ ಬಹುಮಾನ ಉಂಗುರ ಅಲ್ಲ, ಬರೀ ಹೊರಗಿನ ದಾರಿ. ಗೊಲ್ಲಮ್ ಉಂಗುರ ಹುಡುಕುವುದೇ ಮಾಯವಾಗಿ ಬಿಲ್ಬೋನನ್ನು ಕೊಲ್ಲಲು. ಕಳ್ಳ, ಕಳ್ಳ ಎಂದು ಕಿರುಚುತ್ತಾನೆ.

ಹಾಗಾದರೆ ಹಳೆಯ ಪ್ರತಿ ಓದಿದವರ ಗತಿ? ನನಗೆ ತುಂಬಾ ಇಷ್ಟವಾದ ಭಾಗ ಇದು. ಮೊದಲ ಆವೃತ್ತಿ ತಪ್ಪಾಗಿತ್ತು ಎಂದು ಟೋಲ್ಕಿನ್ ಹೇಳಲಿಲ್ಲ. ಬಿಲ್ಬೋ ಸುಳ್ಳು ಹೇಳಿದ್ದ ಎಂದುಬಿಟ್ಟರು! ಉಂಗುರ ತನಗೆ ನ್ಯಾಯವಾಗಿ ಸಿಕ್ಕಿದ್ದು ಎಂದು ತೋರಿಸಲು ಅವನೇ ಉಡುಗೊರೆಯ ಕತೆ ಕಟ್ಟಿ ತನ್ನ ಪುಸ್ತಕದಲ್ಲಿ ಬರೆದಿಟ್ಟ. ನಿಮ್ಮ ಮನೆಯಲ್ಲಿರುವ ಹಳೆಯ ಪ್ರತಿಯಲ್ಲಿ ಇರುವುದು ಆ ಸುಳ್ಳು.

ಇನ್ನೊಂದು ಎಳೆ ನೋಡಿ. ಗೊಲ್ಲಮ್‌ಗೆ ಉಂಗುರ ಸಿಕ್ಕಿದ್ದು ಹೇಗೆ? ಅವನ ಹುಟ್ಟುಹಬ್ಬದ ದಿನ ಗೆಳೆಯ ಡೀಗಲ್‌ಗೆ ಅದು ನದಿಯ ತಳದಲ್ಲಿ ಸಿಕ್ಕಿತು. ಅವನ ಕತ್ತು ಹಿಸುಕಿ ಗೊಲ್ಲಮ್ ಕಿತ್ತುಕೊಂಡ. ಆಮೇಲೆ ಅದು ಹುಟ್ಟುಹಬ್ಬದ ಉಡುಗೊರೆ ಎಂದು ಹೇಳಿಕೊಂಡು ತಿರುಗಿದ. ಮಾಂತ್ರಿಕ ಗ್ಯಾಂಡಾಲ್ಫ್‌ಗೆ ಅನುಮಾನ ಬರುವುದು ಇಲ್ಲೇ. ಕೊಲೆಗಾರ ಒಬ್ಬ, ಸಭ್ಯ ಹಾಬಿಟ್ ಒಬ್ಬ. ಇಬ್ಬರ ಸುಳ್ಳೂ ಒಂದೇ, ಇದು ನನಗೆ ಉಡುಗೊರೆಯಾಗಿ ಬಂದದ್ದು ಅಂತ.

ಈ ಜಗತ್ತಿನಲ್ಲಿ ಕೆಡುಕು ಹೆಬ್ಬಾಗಿಲಿನಿಂದ ಬರುವುದಿಲ್ಲ. ದೊಡ್ಡ ಸೈನ್ಯ, ಕಪ್ಪು ಗೋಪುರ ಎಲ್ಲ ಆಮೇಲಿನ ಮಾತು. ಮೊದಲು ಬರುವುದು ಇಂಥ ಒಂದು ಸಣ್ಣ ಸಮಜಾಯಿಷಿ.

[ದೃಶ್ಯ: 2012ರ ಸಿನಿಮಾದ ಸುರಂಗದ ಬಾಗಿಲು. ಕಾಣದ ಬಿಲ್ಬೋ, ಗೊಲ್ಲಮ್ ಕತ್ತಿನ ಬಳಿ ಕತ್ತಿ.]

ತಿದ್ದಿದ ಅಧ್ಯಾಯದಲ್ಲಿ ಇನ್ನೊಂದು ಹೊಸ ಘಟನೆ ಸೇರಿತು. ಬಿಲ್ಬೋ ಮಾಯವಾಗಿ ನಿಂತಿದ್ದಾನೆ. ಗೊಲ್ಲಮ್ ದಾರಿಗೆ ಅಡ್ಡ ಕೂತಿದ್ದಾನೆ. ಒಂದು ಏಟು ಸಾಕು. ಆದರೆ ಬಿಲ್ಬೋಗೆ ಅಯ್ಯೋ ಅನಿಸುತ್ತದೆ. ಕತ್ತಲಲ್ಲಿ, ಕಲ್ಲಿನ ನಡುವೆ, ತಣ್ಣನೆ ಮೀನು ತಿಂದು ಕಳೆದ ಆ ಬದುಕು ಒಂದು ಕ್ಷಣ ಕಣ್ಣಿಗೆ ಕಟ್ಟುತ್ತದೆ. ಅವನ ತಲೆಯ ಮೇಲಿಂದ ಹಾರಿ ಓಡಿಹೋಗುತ್ತಾನೆ.

ಗೊಲ್ಲಮ್ ಒಳ್ಳೆಯವನಾಗಿದ್ದಾಗ ಈ ಕರುಣೆಗೆ ಜಾಗವೇ ಇರಲಿಲ್ಲ. ಅವನನ್ನು ಕೆಟ್ಟವನನ್ನಾಗಿ ಮಾಡಿದ ಕೂಡಲೇ ಜಾಗ ಹುಟ್ಟಿತು. ಮುಂದೆ ಸೌರಾನ್ ವಿರುದ್ಧದ ಇಡೀ ಯುದ್ಧ ತೀರ್ಮಾನವಾಗುವುದು ಈ ಒಂದು ನೆಗೆತದಿಂದ.

ಯಾಕೆಂದರೆ ಉಂಗುರವನ್ನು ಬೆಂಕಿಯ ಬೆಟ್ಟದೊಳಕ್ಕೆ ಎಸೆದರೆ ಮಾತ್ರ ಅದು ನಾಶವಾಗುತ್ತದೆ, ಸೌರಾನ್ ಸೋಲುತ್ತಾನೆ. ಆ ಕೆಲಸ ಹೊತ್ತ ನಾಯಕ, ಫ್ರೋಡೋ ಎಂಬ ಹಾಬಿಟ್, ಕೊನೆಯಲ್ಲಿ ಆ ಬೆಟ್ಟದ ಅಂಚಿನಲ್ಲಿ ಸೋಲುತ್ತಾನೆ. ಉಂಗುರ ಎಸೆಯುವುದಿಲ್ಲ, ಇದು ನನ್ನದು ಅನ್ನುತ್ತಾನೆ. ಗೊಲ್ಲಮ್ ಮೇಲೆ ಬಿದ್ದು, ಬೆರಳನ್ನೇ ಕಚ್ಚಿ ಉಂಗುರ ಕಿತ್ತುಕೊಳ್ಳುತ್ತಾನೆ. ಪುಸ್ತಕದಲ್ಲಿ ಅವನು ಖುಷಿಗೆ ಕುಣಿಯುತ್ತಾ ಕಾಲು ಜಾರಿ ಉಂಗುರದ ಸಮೇತ ಬೆಂಕಿಗೆ ಬೀಳುತ್ತಾನೆ. 2003ರ ಸಿನಿಮಾದಲ್ಲಿ ಪೀಟರ್ ಜಾಕ್ಸನ್ ಇಬ್ಬರ ನಡುವೆ ಎಳೆದಾಟ ಇಟ್ಟು ಬೀಳಿಸಿದರು. ಪರದೆಯ ಮೇಲೆ ಅದು ಜೋರಾಗಿದೆ, ಒಪ್ಪುತ್ತೇನೆ. ಆದರೆ ನನಗೆ ಪುಸ್ತಕದ ಜಾರುವಿಕೆಯೇ ಇಷ್ಟ. ಅಲ್ಲಿ ಯಾರೂ ಗೆಲ್ಲುವುದಿಲ್ಲ.

ಫ್ರೋಡೋನನ್ನು ಗೌರವಿಸಬಾರದಿತ್ತು, ದ್ರೋಹಿ ಎಂದು ಕೊಲ್ಲಬೇಕಿತ್ತು ಎಂದು ಟೋಲ್ಕಿನ್‌ಗೆ ಸಿಟ್ಟಿನ ಪತ್ರವೊಂದು ಬಂದಿತ್ತಂತೆ. ಆಗ ಟ್ವಿಟರ್ ಇರಲಿಲ್ಲ ಅಷ್ಟೇ.

ಒಂದು ತಕರಾರು ನನ್ನದೂ ಇದೆ. ಇಷ್ಟೆಲ್ಲ ಕರುಣೆ ಗೊಲ್ಲಮ್‌ಗೆ ಸಿಕ್ಕಿತು, ಸೌರಾನ್ ಸೈನ್ಯದ ವಿಕಾರ ಜೀವಿಗಳಾದ ಆರ್ಕ್‌ಗಳಿಗೆ ಯಾಕಿಲ್ಲ? ಅವು ಸಾವಿರಗಟ್ಟಲೆ ಸಾಯುತ್ತವೆ, ಯಾರೂ ಅಯ್ಯೋ ಅನ್ನುವುದಿಲ್ಲ. ಕೆಡುಕು ಏನನ್ನೂ ಹೊಸದಾಗಿ ಸೃಷ್ಟಿಸಲಾರದು, ಇರುವುದನ್ನು ಕೆಡಿಸಬಲ್ಲದು ಅಷ್ಟೇ ಎನ್ನುವುದು ಈ ಜಗತ್ತಿನ ಕಾನೂನು. ಹಾಗಿದ್ದರೆ ಆರ್ಕ್‌ಗಳೂ ಹಿಂದೊಮ್ಮೆ ಬೇರೆ ಏನೋ ಆಗಿದ್ದವು ತಾನೇ? ಮುಪ್ಪಿಲ್ಲದ ಎಲ್ಫ್‌ಗಳಾ, ಮನುಷ್ಯರಾ? ಟೋಲ್ಕಿನ್ ಇದನ್ನು ಮತ್ತೆ ಮತ್ತೆ ಬರೆದು ನೋಡಿದರು. 1973ರಲ್ಲಿ ತೀರಿಕೊಳ್ಳುವವರೆಗೂ ಒಂದು ತೀರ್ಮಾನಕ್ಕೆ ಬರಲಿಲ್ಲ. ಗೊಲ್ಲಮ್ ಕತೆಯ ತೂತು ಮುಚ್ಚಿತು, ಇದು ಮುಚ್ಚಲಿಲ್ಲ.

[ದೃಶ್ಯ: ಕಡಿದಾದ ಕಲ್ಲಿನ ಮೆಟ್ಟಿಲು. ಇಬ್ಬರು ಹಾಬಿಟ್‌ಗಳು ಒರಗಿ ನಿದ್ದೆ ಹೋಗಿದ್ದಾರೆ.]

ಬೆಂಕಿಯ ಬೆಟ್ಟಕ್ಕೂ ಮುಂಚಿನ ಒಂದು ದೃಶ್ಯ ಹೇಳಿ ಬಿಡುತ್ತೇನೆ. ಸಿನಿಮಾದಲ್ಲಿ ಇದು ಇಲ್ಲ. ಅಲ್ಲಿ ಇದೇ ಮೆಟ್ಟಿಲ ಮೇಲೆ ಗೊಲ್ಲಮ್ ರೊಟ್ಟಿ ಬಿಸಾಡಿ, ಫ್ರೋಡೋನ ಸಂಗಾತಿ ಸ್ಯಾಮ್ ಮೇಲೆ ಕಳ್ಳತನ ಹೊರಿಸುತ್ತಾನೆ. ಆ್ಯಂಡಿ ಸರ್ಕಿಸ್ ಮಾಡಿದ ಗೊಲ್ಲಮ್ ಪಾತ್ರದ ನಟನೆಗೆ ಕೈಮುಗಿಯಬೇಕು, ಆದರೆ ಪುಸ್ತಕದಲ್ಲಿ ನಡೆಯುವುದು ಇದರ ತದ್ವಿರುದ್ಧ.

ಫ್ರೋಡೋ ಮತ್ತು ಸ್ಯಾಮ್ ಮಲಗಿದ್ದಾರೆ. ಇಬ್ಬರನ್ನೂ ದೈತ್ಯ ಜೇಡದ ಗುಹೆಗೆ ನೂಕುವ ಯೋಚನೆಯಲ್ಲಿ ಗೊಲ್ಲಮ್ ಬರುತ್ತಾನೆ. ಅವರನ್ನು ನೋಡುತ್ತಾ ನಿಲ್ಲುತ್ತಾನೆ. ಕಣ್ಣಿನ ಹೊಳಪು ಮಂಕಾಗುತ್ತದೆ. ಮುಖ ವಯಸ್ಸಾದ, ದಣಿದ ಹಾಬಿಟ್ ಒಬ್ಬನ ಮುಖದಂತೆ ಆಗುತ್ತದೆ. ನಡುಗುವ ಕೈ ಚಾಚಿ ಫ್ರೋಡೋನ ಮಂಡಿಯನ್ನು ಮೆಲ್ಲಗೆ ಮುಟ್ಟುತ್ತಾನೆ. ಇಡೀ ಕತೆಯಲ್ಲಿ ಬಹುಶಃ ಇದೇ ಅತ್ಯಂತ ದುರಂತದ ಗಳಿಗೆ ಎಂದು ಟೋಲ್ಕಿನ್ ಒಂದು ಪತ್ರದಲ್ಲಿ ಬರೆದರು.

ಅಷ್ಟರಲ್ಲಿ ಸ್ಯಾಮ್‌ಗೆ ಎಚ್ಚರವಾಗುತ್ತದೆ. ಎಲ್ಲರಿಗೂ ಇಷ್ಟವಾಗುವ, ನಂಬಿಕೆಯ ಸ್ಯಾಮ್. ಕದ್ದು ಸುಳಿದಾಡುತ್ತೀಯಾ ಎಂದು ಗದರುತ್ತಾನೆ. ಆಮೇಲೆ ತಪ್ಪಾಯಿತು ಅನ್ನುತ್ತಾನೆ, ನಿದ್ದೆಗಣ್ಣು ಅನ್ನುತ್ತಾನೆ, ಏನು ಮಾಡುತ್ತಿದ್ದೆ ಎಂದು ಕೇಳುತ್ತಾನೆ.

ಗೊಲ್ಲಮ್ ಕಣ್ಣಿಗೆ ಆ ಹಸಿರು ಹೊಳಪು ಮರಳಿದೆ.

"ಕದ್ದು ಸುಳಿದಾಡುತ್ತಿದ್ದೆ" ಅನ್ನುತ್ತಾನೆ.