ಲೇಟೆಕ್‌ನಲ್ಲಿ ಸಮೀಕರಣ ಎಡವಿದಾಗ, ಚಿತ್ರ ಜಾಗ ಬಿಟ್ಟು ಓಡಿದಾಗ

ಕೇಳುಗರಿಗೆ ನಮಸ್ಕಾರ.

ಸಂಶೋಧನಾ ಲೇಖನವನ್ನು ಲೇಟೆಕ್ ಎಂಬ ಅಕ್ಷರಜೋಡಣೆ ತಂತ್ರಾಂಶದಲ್ಲಿ ಸಿದ್ಧಪಡಿಸುವವರಿಗೆ ಇದು ಹೊಸದಲ್ಲ: ಎಲ್ಲೋ ಒಂದು ಅಕ್ಷರ ತಿದ್ದಿ ಕಂಪೈಲ್ ಮಾಡಿದರೆ, ಅಂದರೆ ಬರೆದ ಕಡತವನ್ನು ಅಚ್ಚಿನ ಪುಟವಾಗಿಸಲು ಹೊರಟರೆ, ಪರದೆ ತುಂಬ ದೂರುಗಳು. ಕೊನೆಯ ದೂರಿನಿಂದ ತಿದ್ದಲು ಹೊರಟರೆ ಇಡೀ ದಿನ ಹೋಗುತ್ತದೆ. ಓದಬೇಕಾದದ್ದು ಮೊದಲನೆಯದನ್ನು. ದೂರುಗಳೆಲ್ಲ ದಾಖಲಾಗುವ ಲಾಗ್ ಫೈಲಿನಲ್ಲಿ ಆಶ್ಚರ್ಯಸೂಚಕ ಚಿಹ್ನೆಯಿಂದ ಶುರುವಾಗುವ ಮೊದಲ ಸಾಲನ್ನು ಹುಡುಕಿ. ಅದರ ಕೆಳಗೆ ಎಲ್ ಅಕ್ಷರ, ಒಂದು ಚುಕ್ಕಿ, ಒಂದು ಸಂಖ್ಯೆ ಇರುತ್ತದೆ. ಲೇಟೆಕ್ ಓದುತ್ತಾ ಬಂದು ನಿಂತ ಸಾಲು ಅದು. ತಪ್ಪು ಅಲ್ಲೇ ಇರಬಹುದು, ಮೇಲೆಲ್ಲೋ ಇರಬಹುದು, ಕೆಳಗಂತೂ ಇರುವುದಿಲ್ಲ.

ಒಂದು ಉದಾಹರಣೆ ನೋಡೋಣ. ಸಾಮಾನ್ಯ ವಾಕ್ಯದ ನಡುವೆ ಒಂದು ಫೈಲ್ ಹೆಸರು ಬರೆದಿದ್ದೀರಿ, ಅದರಲ್ಲಿ ಅಂಡರ್‌ಸ್ಕೋರ್ ಇದೆ. ಲೇಟೆಕ್‌ಗೆ ಅಂಡರ್‌ಸ್ಕೋರ್ ಎಂದರೆ ಗಣಿತದ ಕೆಳಸೂಚಿ. ಹಾಗಾಗಿ 'ಮಿಸಿಂಗ್ ಡಾಲರ್ ಇನ್ಸರ್ಟೆಡ್' ಎಂದು ದೂರಿ, ಗಣಿತದ ಆರಂಭ, ಅಂತ್ಯದ ಗುರುತಾದ ಡಾಲರ್ ಚಿಹ್ನೆಯನ್ನು ತಾನೇ ಹಾಕಿಕೊಂಡು ಗಣಿತದೊಳಗೆ ಇಳಿಯುತ್ತದೆ. ಅಲ್ಲಿಂದ ಪ್ಯಾರಾ ಮುಗಿಯುವವರೆಗೂ ಪದಗಳ ನಡುವಿನ ಜಾಗ ಮಾಯವಾಗಿ, ಓರೆ ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡು ಬರುತ್ತವೆ. ಪ್ಯಾರಾ ಮುಗಿದಲ್ಲಿ ಅದೇ ದೂರು ಮತ್ತೊಮ್ಮೆ. ತಪ್ಪು ಒಂದೇ, ದೂರು ಎರಡು. ಅಂಡರ್‌ಸ್ಕೋರಿನ ಹಿಂದೆ ಒಂದು ಬ್ಯಾಕ್‌ಸ್ಲ್ಯಾಶ್ ಇಟ್ಟರೆ ಎರಡೂ ಹೋಗುತ್ತವೆ.

ಇದೇ ದೂರು ಸಮೀಕರಣದೊಳಗೆ ಬಂದರೆ ಕಾರಣ ಸಾಮಾನ್ಯವಾಗಿ ಒಂದು ಖಾಲಿ ಸಾಲು. ಓದಲು ಅನುಕೂಲವಾಗಲೆಂದು ಇಕ್ವೇಶನ್ ಬ್ಲಾಕಿನಲ್ಲಿ ಒಂದು ಸಾಲು ಬಿಟ್ಟಿರುತ್ತೀರಿ. ಲೇಟೆಕ್‌ಗೆ ಅದು ಪ್ಯಾರಾ ಮುಗಿದ ಗುರುತು, ಗಣಿತದೊಳಗೆ ಪ್ಯಾರಾ ಮುಗಿಯುವಂತಿಲ್ಲ. ಸಾಲು ಬಿಡಲೇಬೇಕೆಂದರೆ ಅಲ್ಲೊಂದು ಶೇಕಡಾ ಚಿಹ್ನೆ ಹಾಕಿ; ಸಾಲಿನಲ್ಲಿ ಅದರ ಮುಂದಿರುವುದನ್ನು ಲೇಟೆಕ್ ಓದುವುದಿಲ್ಲ. ಅಂದಹಾಗೆ, ಸಮೀಕರಣದ ಮೇಲಿನ ಖಾಲಿ ಸಾಲು ದೂರು ತರುವುದಿಲ್ಲ, ಆದರೆ ಸಮೀಕರಣದ ಮೇಲೆ ಬೇಡದ ಜಾಗ ತರುತ್ತದೆ. ಅದನ್ನೂ ತೆಗೆಯಿರಿ.

ಹಲವು ಸಾಲಿನ ಸಮೀಕರಣಗಳಿಗೆ ಎಎಂಎಸ್ ಮ್ಯಾಥ್ ಪ್ಯಾಕೇಜಿನ ಅಲೈನ್ ಬಳಸಿ. ಹಳೆಯ ಕಡತಗಳಿಂದ ನಕಲಾಗಿ ಬರುವ ಇಕ್ಯುಎನ್ ಅರೇಯನ್ನು ದಯವಿಟ್ಟು ಬಿಟ್ಟುಬಿಡಿ. ಅದು ಸಮ ಚಿಹ್ನೆಯ ಎರಡೂ ಬದಿಗೆ ತಲಾ 10 ಪಾಯಿಂಟ್ ಜಾಗ ಬಿಡುತ್ತದೆ. ಬೇರೆ ಸಮೀಕರಣಗಳಲ್ಲಿ ಅದು 3 ಪಾಯಿಂಟ್‌ಗೂ ಕಡಿಮೆ. ಒಂದೇ ಪುಟದಲ್ಲಿ ಎರಡೂ ಇದ್ದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಸಮೀಕರಣ ಉದ್ದವಾದರೆ ಅದರ ಸಂಖ್ಯೆಯ ಮೇಲೇ ಹತ್ತಿಕೊಳ್ಳುವುದೂ ಉಂಟು.

ಅಲೈನ್‌ನಲ್ಲಿ ಒಂದು ವಿಷಯ ತಿಳಿದಿರಬೇಕು. ಅದು ಒಳಗಿನ ಎಲ್ಲ ಸಾಲುಗಳನ್ನು ಮೊದಲು ಒಟ್ಟಿಗೆ ಎತ್ತಿಕೊಂಡು ಆಮೇಲೆ ಜೋಡಿಸುತ್ತದೆ. ಹಾಗಾಗಿ ತಪ್ಪು ಮೂರನೇ ಸಾಲಿನಲ್ಲಿದ್ದರೂ ದೂರು ತೋರಿಸುವುದು ಅಲೈನ್ ಮುಗಿಯುವ ಸಾಲನ್ನು. ಅರ್ಧ ಸಾಲುಗಳ ಮುಂದೆ ಶೇಕಡಾ ಚಿಹ್ನೆ ಹಾಕಿ ಮತ್ತೆ ಓಡಿಸಿ. ದೂರು ಹೋದರೆ ತಪ್ಪು ಆ ಅರ್ಧದಲ್ಲಿದೆ. ಎಂಟು ಸಾಲಿದ್ದರೆ ಮೂರು ಸುತ್ತಿನಲ್ಲಿ ಸಿಕ್ಕಿಬೀಳುತ್ತದೆ. ಕೊನೆಯ ಸಾಲಿನ ತುದಿಯಲ್ಲಿ, ಹೊಸ ಸಾಲು ಶುರುಮಾಡುವ ಎರಡು ಬ್ಯಾಕ್‌ಸ್ಲ್ಯಾಶ್ ಉಳಿದಿದ್ದರೆ ಕೆಳಗೆ ಖಾಲಿ ಜಾಗದ ಎದುರು ಒಂದು ಅನಾಥ ಸಂಖ್ಯೆ ಅಚ್ಚಾಗುತ್ತದೆ. ಇದಕ್ಕೆ ದೂರೇ ಬರುವುದಿಲ್ಲ, ಕಣ್ಣಾರೆ ನೋಡಿಯೇ ಹಿಡಿಯಬೇಕು.

ಲೆಫ್ಟ್ ಎಂದು ತೆರೆದ ಆವರಣ ಅದೇ ಸಾಲಿನಲ್ಲಿ, ಸಾಲನ್ನು ಭಾಗ ಮಾಡುವ ಆಂಪರ್‌ಸ್ಯಾಂಡ್ ಚಿಹ್ನೆಯನ್ನು ದಾಟದೆ ರೈಟ್ ಎಂದು ಮುಚ್ಚಬೇಕು. ಮುಂದಿನ ಸಾಲಿಗೆ ದಾಟುವುದಾದರೆ ಮೊದಲ ಸಾಲಿನ ಕೊನೆಗೆ ರೈಟ್ ಚುಕ್ಕಿ, ಎರಡನೆಯದರ ಆರಂಭಕ್ಕೆ ಲೆಫ್ಟ್ ಚುಕ್ಕಿ ಹಾಕಬಹುದು. ಆದರೆ ಆಗ ಎರಡು ಆವರಣಗಳ ಎತ್ತರ ಬೇರೆಬೇರೆ ಆಗಬಹುದು. ಲೆಫ್ಟ್ ರೈಟ್ ಬಿಟ್ಟು ಬಿಗ್ ಎಲ್, ಬಿಗ್ ಆರ್ ಆಜ್ಞೆಗಳಿಂದ ಎತ್ತರವನ್ನು ನಾವೇ ಆರಿಸುವುದು ಒಳ್ಳೆಯದು.

ಇನ್ನು ಚಿತ್ರಗಳು. ಎರಡು ಅಂಕಣದ ಲೇಖನದಲ್ಲಿ ಚಿತ್ರ ಪಕ್ಕದ ಅಂಕಣದ ಮೇಲೆ ಹರಿದರೆ, ಅಗಲಕ್ಕೆ ಟೆಕ್ಸ್ಟ್‌ವಿಡ್ತ್ ಎಂದು ಕೊಟ್ಟಿದ್ದೀರಿ. ಅದು ಎರಡೂ ಅಂಕಣ ಸೇರಿದ ಅಗಲ. ಲೈನ್‌ವಿಡ್ತ್ ಎಂದು ಬದಲಿಸಿ.

ಹೆಚ್ಚು ಜನ ಒದ್ದಾಡುವುದು ಚಿತ್ರ ಎಲ್ಲಿಗೋ ಓಡಿಹೋಗುವ ವಿಷಯದಲ್ಲಿ. ಚಿತ್ರ ಇಲ್ಲೇ ಇರಲಿ ಎಂದು ಚೌಕ ಆವರಣದಲ್ಲಿ ಬರೀ ಎಚ್ ಅಕ್ಷರ ಹಾಕುತ್ತೇವೆ. ಅಲ್ಲಿ ಜಾಗ ಸಾಲದಿದ್ದರೆ ಲೇಟೆಕ್ ಅದಕ್ಕೆ ಟಿ ಸೇರಿಸಿ ಮುಂದಿನ ಪುಟದ ತಲೆಯಲ್ಲಿ ಇಡಲು ನೋಡುತ್ತದೆ. ಆದರೆ ಪುಟದ ತಲೆಯಲ್ಲಿ ಚಿತ್ರಗಳಿಗೆ ಸಿಗುವುದು ಹೆಚ್ಚೆಂದರೆ ಪುಟದ ಶೇಕಡಾ 70, ಕೆಳಗೆ ಶೇಕಡಾ 30. ನಿಮ್ಮ ಚಿತ್ರ ಶೇಕಡಾ 75ರಷ್ಟು ಎತ್ತರವಿದ್ದರೆ ಅದು ಯಾವ ಪುಟದ ತಲೆಗೂ ಹೊಂದುವುದಿಲ್ಲ. ಬರೀ ಚಿತ್ರಗಳಿರುವ ಪುಟಕ್ಕೆ ಹೋಗಲು ಪಿ ಅಕ್ಷರದ ಅನುಮತಿ ಬೇಕು, ಅದನ್ನು ನೀವು ಕೊಟ್ಟಿಲ್ಲ. ಚಿತ್ರಗಳ ಕ್ರಮ ತಪ್ಪಬಾರದೆಂಬುದು ನಿಯಮ. ಹಾಗಾಗಿ ಇದೊಂದು ಸಿಕ್ಕಿಕೊಂಡರೆ ನಂತರದವೆಲ್ಲ ಸರದಿಯಲ್ಲಿ ನಿಂತು, ಲೇಖನದ ಕೊನೆಯಲ್ಲಿ ಒಟ್ಟಿಗೆ ಬಂದು ಬೀಳುತ್ತವೆ. ಓಡಿಹೋದ ಚಿತ್ರಗಳಲ್ಲಿ ಮೊದಲನೆಯದನ್ನು ಹುಡುಕಿ, ಅದಕ್ಕೆ ಟಿ, ಬಿ (ಪುಟದ ಕೆಳಗೆ), ಪಿ ಮೂರನ್ನೂ ಕೊಡಿ. ಉಳಿದವು ತಾವಾಗಿ ಜಾಗಕ್ಕೆ ಬರುತ್ತವೆ. ಜೊತೆಗೆ ಆಶ್ಚರ್ಯಸೂಚಕ ಹಾಕಿದರೆ ಶೇಕಡಾವಾರು ಮಿತಿಗಳು ಸಡಿಲವಾಗುತ್ತವೆ. ಅಕ್ಷರಗಳನ್ನು ಯಾವ ಕ್ರಮದಲ್ಲಿ ಬರೆದರೂ ವ್ಯತ್ಯಾಸವಿಲ್ಲ.

'ಚಿತ್ರ 3' ಎಂದು ಬರಬೇಕಾದಲ್ಲಿ ವಿಭಾಗದ ಸಂಖ್ಯೆ ಬಂದರೆ, ಚಿತ್ರವನ್ನು ಉಲ್ಲೇಖಿಸಲು ಹೆಸರಿಡುವ ಲೇಬಲ್ ಆಜ್ಞೆ, ಅಡಿಬರಹ ಕೊಡುವ ಕ್ಯಾಪ್ಷನ್‌ಗಿಂತ ಮೇಲಿದೆ. ಸಂಖ್ಯೆ ಹುಟ್ಟುವುದು ಕ್ಯಾಪ್ಷನ್‌ನಲ್ಲಿ. ಲೇಬಲ್ ಅದರ ಕೆಳಗೇ ಇರಬೇಕು. ಎರಡು ಪ್ರಶ್ನಾರ್ಥಕ ಚಿಹ್ನೆ ಬಂದರೆ ಇನ್ನೊಮ್ಮೆ ಕಂಪೈಲ್ ಮಾಡಿ. ಆಗಲೂ ಹೋಗದಿದ್ದರೆ ಲೇಬಲ್ ಹೆಸರಿನ ಕಾಗುಣಿತ ನೋಡಿ.

ನಕ್ಷೆಗಳನ್ನು ಪಿಡಿಎಫ್ ಆಗಿ ಉಳಿಸಿ, ಎಷ್ಟು ಹಿಗ್ಗಿಸಿದರೂ ಗೆರೆ ಒಡೆಯುವುದಿಲ್ಲ. 16 ಸೆಂಟಿಮೀಟರ್ ಅಗಲದಲ್ಲಿ ಬಿಡಿಸಿದ ನಕ್ಷೆಯನ್ನು 8ಕ್ಕೆ ಕುಗ್ಗಿಸಿದರೆ ಅದರೊಳಗಿನ 10 ಪಾಯಿಂಟ್ ಅಕ್ಷರ 5 ಪಾಯಿಂಟ್ ಆಗುತ್ತದೆ, ಅಚ್ಚಿನಲ್ಲಿ ಓದಲಾಗುವುದಿಲ್ಲ. ಅಂಕಣದ ಅಗಲವನ್ನು ಮೊದಲೇ ತಿಳಿದುಕೊಂಡು ಆ ಅಳತೆಗೇ ಬಿಡಿಸಿ. ಕಾಲಮ್‌ವಿಡ್ತ್ ಹಿಂದೆ 'ದ' ಆಜ್ಞೆ ಸೇರಿಸಿ ಬರೆದರೆ ಅಗಲ ಪಾಯಿಂಟ್‌ಗಳಲ್ಲಿ ಅಚ್ಚಾಗುತ್ತದೆ. 252 ಬಂದರೆ 72.27ರಿಂದ ಭಾಗಿಸಿ: ಸುಮಾರು 3.49 ಇಂಚು. ಛಾಯಾಚಿತ್ರವಾದರೆ ಅಷ್ಟು ಅಗಲಕ್ಕೆ, ಇಂಚಿಗೆ 300ರಂತೆ, ಸುಮಾರು 1050 ಪಿಕ್ಸೆಲ್ ಸಾಕು.

'ಬೌಂಡಿಂಗ್ ಬಾಕ್ಸ್ ಇಲ್ಲ' ಎಂಬ ದೂರು ಬಂದರೆ ನೀವು ನೇರ ಪಿಡಿಎಫ್ ಬದಲು ಮೊದಲು ಡಿವಿಐ ಕಡತ ಮಾಡುವ ಹಳೆಯ ದಾರಿಯಲ್ಲಿ ಪಿಎನ್‌ಜಿ ಅಥವಾ ಜೆಪಿಜಿ ಕೊಟ್ಟಿದ್ದೀರಿ. ಪಿಡಿಎಫ್ ಲೇಟೆಕ್‌ಗೆ ಬದಲಿಸಿ. ನಿಮ್ಮ ಯಂತ್ರದಲ್ಲಿ ಸರಿಯಿದ್ದ ಲೇಖನ ಪತ್ರಿಕೆಯ ಸರ್ವರಿನಲ್ಲಿ 'ಫೈಲ್ ಸಿಗಲಿಲ್ಲ' ಎಂದರೆ ಚಿತ್ರದ ಹೆಸರು ನೋಡಿ. ವಿಂಡೋಸ್‌ಗೆ ದೊಡ್ಡಕ್ಷರ, ಸಣ್ಣಕ್ಷರ ಎರಡೂ ಒಂದೇ, ಲಿನಕ್ಸ್‌ಗೆ ಬೇರೆಬೇರೆ. ಹೆಸರಿನ ಕೊನೆಯ ಪಿಎನ್‌ಜಿ ದೊಡ್ಡಕ್ಷರದಲ್ಲಿದ್ದು ನೀವು ಸಣ್ಣಕ್ಷರದಲ್ಲಿ ಬರೆದಿದ್ದರೂ ಸಾಕು, ಅಲ್ಲಿ ಚಿತ್ರ ಸಿಗುವುದಿಲ್ಲ.

ನಮಸ್ಕಾರ.