ಗ್ಯಾಲಕ್ಸಿಗಳು ಡಿಕ್ಕಿ ಹೊಡೆದರೂ ನಕ್ಷತ್ರಗಳು ಯಾಕೆ ತಾಗುವುದಿಲ್ಲ?

[ದೃಶ್ಯ: ಅಂಗೈ ಮೇಲೆ ಒಂದು ಸಾಸಿವೆ ಕಾಳು. ಕ್ಯಾಮೆರಾ ತುಂಬಾ ಹತ್ತಿರ.]

ನಮಸ್ಕಾರ. ಅಂಗೈ ಮೇಲೆ ಕಾಣುತ್ತಿದೆಯಲ್ಲ, ಇದು ಒಂದು ಸಾಸಿವೆ ಕಾಳು. ಈಗಷ್ಟೇ ಅಡುಗೆಮನೆಯ ಒಗ್ಗರಣೆ ಡಬ್ಬಿಯಿಂದ ತಂದೆ. ಅಗಲ ಸುಮಾರು 2 ಮಿಲಿಮೀಟರ್. ಇದೇ ನಮ್ಮ ಸೂರ್ಯ ಅಂದುಕೊಳ್ಳೋಣ. ನಿಜವಾದ ಸೂರ್ಯನ ಅಗಲ 14 ಲಕ್ಷ ಕಿಲೋಮೀಟರ್. ಅದನ್ನು ಕುಗ್ಗಿಸಿ ಕುಗ್ಗಿಸಿ ಇಷ್ಟು ಮಾಡಿದ್ದೇವೆ.

ಹಾಗಾದರೆ ಭೂಮಿ ಎಲ್ಲಿರುತ್ತದೆ? ಇಲ್ಲಿಂದ ಒಂದು ಗೇಣು ದೂರದಲ್ಲಿ. ಕಣ್ಣಿಗೆ ಕಾಣದಷ್ಟು ಸಣ್ಣ ಧೂಳಿನ ಕಣವಾಗಿ.

ಸರಿ, ಸೂರ್ಯನಿಗೆ ಎಲ್ಲಕ್ಕಿಂತ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ. ಅದೆಲ್ಲಿರುತ್ತದೆ? ಇದೇ ಮೇಜಿನ ಮೇಲಾ? ಪಕ್ಕದ ಬೀದಿಯಲ್ಲಾ? ನಾನು ಕೂತಿರುವುದು ಬೆಂಗಳೂರಿನಲ್ಲಿ. ಲೆಕ್ಕ ಹಾಕಿದರೆ ಆ ನಕ್ಷತ್ರ ಹೆಚ್ಚುಕಡಿಮೆ ಚನ್ನಪಟ್ಟಣದಲ್ಲಿ ಸಿಗುತ್ತದೆ. 57 ಕಿಲೋಮೀಟರ್ ಆಚೆ, ಗಸಗಸೆಗಿಂತಲೂ ಸಣ್ಣ ಕಾಳಾಗಿ. ನಡುವೆ ಇನ್ನೊಂದು ನಕ್ಷತ್ರ ಇಲ್ಲ. ಬರೀ ಖಾಲಿ.

ಈಗ ಇಷ್ಟೇ ವಿರಳವಾಗಿ ಚೆಲ್ಲಿದ ಇನ್ನೊಂದು ಸಾಸಿವೆ ರಾಶಿ ಬಂದು ಇದರೊಳಗೆ ನುಗ್ಗಿತು ಅಂತ ಇಟ್ಟುಕೊಳ್ಳಿ. ಕಾಳಿಗೆ ಕಾಳು ತಾಗುತ್ತದಾ? ತಾಗುವುದಿಲ್ಲ. ಕೋಟ್ಯಂತರ ನಕ್ಷತ್ರಗಳಿರುವ ಎರಡು ಗ್ಯಾಲಕ್ಸಿಗಳು ಒಂದರೊಳಗೊಂದು ಹಾದುಹೋದರೂ, ಎರಡು ನಕ್ಷತ್ರಗಳು ಮುಖಾಮುಖಿ ಗುದ್ದುವುದು ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ.

ಹಾಗಿದ್ದರೆ ಡಿಕ್ಕಿ ಅಂತ ಯಾಕೆ ಕರೆಯುತ್ತೇವೆ? ಗುದ್ದುವುದಾದರೂ ಏನು?

[ದೃಶ್ಯ: ಮೇಜಿನ ಮೇಲೆ ಒಂದು ಊಟದ ತಟ್ಟೆ. ಆಮೇಲೆ ಕೋಣೆಯ ಇನ್ನೊಂದು ತುದಿಯಲ್ಲಿ ಇನ್ನೊಂದು ತಟ್ಟೆ.]

ಮೊದಲು ಇನ್ನೊಂದು ಅಳತೆ ನೋಡಿಬಿಡೋಣ. ಈ ತಟ್ಟೆ ನಮ್ಮ ಗ್ಯಾಲಕ್ಸಿ, ಹಾಲುಹಾದಿ. ನಿಜವಾದ ಅಗಲ ಸುಮಾರು 1 ಲಕ್ಷ ಜ್ಯೋತಿರ್ವರ್ಷ. ಬೆಳಕು ಒಂದು ವರ್ಷದಲ್ಲಿ ಓಡುವ ದೂರವೇ ಒಂದು ಜ್ಯೋತಿರ್ವರ್ಷ. ನಮ್ಮ ದೊಡ್ಡ ನೆರೆಯ ಗ್ಯಾಲಕ್ಸಿ ಆಂಡ್ರೊಮಿಡಾ ಇರುವುದು 25 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿ. ಅಂದರೆ ಬರೀ 25 ತಟ್ಟೆ ಆಚೆ! ಒಂದು ದೊಡ್ಡ ಕೋಣೆಯಲ್ಲಿ ಎರಡನ್ನೂ ಇಡಬಹುದು. ಸೂರ್ಯನಿಗೂ ಪಕ್ಕದ ನಕ್ಷತ್ರಕ್ಕೂ ನಡುವೆ ಸುಮಾರು 3 ಕೋಟಿ ಸೂರ್ಯಗಳನ್ನು ಸಾಲಾಗಿ ಜೋಡಿಸಬಹುದು. ಎರಡು ಗ್ಯಾಲಕ್ಸಿಗಳ ನಡುವೆ 25 ಗ್ಯಾಲಕ್ಸಿ ಇಟ್ಟರೆ ಜಾಗ ಮುಗಿಯಿತು. ನಕ್ಷತ್ರಗಳು ಒಂಟಿ. ಗ್ಯಾಲಕ್ಸಿಗಳು ಒತ್ತೊತ್ತಾಗಿವೆ. ಅದಕ್ಕೇ ಗ್ಯಾಲಕ್ಸಿಗಳ ಡಿಕ್ಕಿ ವಿಶ್ವದಲ್ಲಿ ಮಾಮೂಲಿ ವಿಷಯ.

ಡಿಕ್ಕಿಯಲ್ಲಿ ಮೊದಲು ಕೆಲಸ ಮಾಡುವುದು ಸೆಳೆತ. ಚಂದ್ರ ಸಮುದ್ರವನ್ನು ಹೇಗೆ ಎಳೆಯುತ್ತಾನೆ ಅಂತ ಗೊತ್ತಲ್ಲ, ಉಬ್ಬರ-ಇಳಿತ. ಕರಾವಳಿಯವರು ಭರತ-ಇಳಿತ ಅನ್ನುತ್ತಾರೆ. ಚಂದ್ರನ ಕಡೆಗಿರುವ ನೀರಿಗೆ ಸೆಳೆತ ಜಾಸ್ತಿ, ಆಚೆ ಬದಿಯ ನೀರಿಗೆ ಕಡಿಮೆ. ಆ ವ್ಯತ್ಯಾಸದಿಂದಲೇ ಎರಡೂ ಬದಿಯಲ್ಲಿ ನೀರು ಉಬ್ಬುತ್ತದೆ. ಗ್ಯಾಲಕ್ಸಿಗಳಲ್ಲೂ ಇದೇ ಆಗುತ್ತದೆ. ಆದರೆ ಇಲ್ಲಿ ಉಬ್ಬುವುದು ನೀರಲ್ಲ, ಕೋಟಿ ಕೋಟಿ ನಕ್ಷತ್ರಗಳು. ಗ್ಯಾಲಕ್ಸಿ ತಿರುಗುತ್ತಲೂ ಇರುವುದರಿಂದ ಆ ಉಬ್ಬು ಹಿಗ್ಗಿ, ಬಿಚ್ಚಿಕೊಂಡು, ಉದ್ದನೆಯ ಬಾಲವಾಗುತ್ತದೆ.

ಇದನ್ನು ಕಂಡುಹಿಡಿದ ಕತೆ ನನಗೆ ತುಂಬಾ ಇಷ್ಟ. ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ.

[ದೃಶ್ಯ: ಕತ್ತಲೆ ಕೋಣೆ. ಮೇಜಿನ ಮೇಲೆ ಸಣ್ಣ ಬಲ್ಬುಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತವೆ.]

1941. ಸ್ವೀಡನ್ನಿನ ಲುಂಡ್ ಊರು. ಎರಿಕ್ ಹೋಮ್‌ಬರ್ಗ್ ಎಂಬ ಖಗೋಳ ವಿಜ್ಞಾನಿಗೆ ಒಂದು ಪ್ರಶ್ನೆ ಕಾಡುತ್ತಿತ್ತು. ಎರಡು ಗ್ಯಾಲಕ್ಸಿಗಳು ಪಕ್ಕಪಕ್ಕದಲ್ಲಿ ಹಾದುಹೋದರೆ ಏನಾಗುತ್ತದೆ? ಇದಕ್ಕೆ ಪ್ರತಿ ನಕ್ಷತ್ರದ ಮೇಲೂ ಉಳಿದ ಎಲ್ಲ ನಕ್ಷತ್ರಗಳ ಸೆಳೆತ ಎಷ್ಟು ಅಂತ ಲೆಕ್ಕ ಹಾಕಬೇಕು. ನಕ್ಷತ್ರಗಳು ಒಂದು ಹೆಜ್ಜೆ ಸರಿದ ಮೇಲೆ ಮತ್ತೆ ಮೊದಲಿಂದ ಲೆಕ್ಕ. ಇಂಥ ಕೆಲಸಕ್ಕೆ ಆಗಿನ್ನೂ ಕಂಪ್ಯೂಟರ್ ಇರಲಿಲ್ಲ. ಕೈಲೆಕ್ಕದಲ್ಲಿ ಮುಗಿಯುವ ಮಾತಲ್ಲ.

ಅವರಿಗೆ ಒಂದು ಉಪಾಯ ಹೊಳೆಯಿತು. ದೂರ ಎರಡು ಪಟ್ಟಾದರೆ ಸೆಳೆತ ನಾಲ್ಕರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಬೆಳಕು? ಬೆಳಕೂ ಹಾಗೆಯೇ! ದೂರ ಎರಡು ಪಟ್ಟಾದರೆ ಬೆಳಕೂ ನಾಲ್ಕರಲ್ಲಿ ಒಂದು ಭಾಗ. ಅಂದಮೇಲೆ ನಕ್ಷತ್ರದ ಬದಲು ಬಲ್ಬ್ ಇಟ್ಟರೆ, ಸೆಳೆತದ ಬದಲು ಬೆಳಕನ್ನೇ ಅಳೆಯಬಹುದು.

ಒಂದು ಗ್ಯಾಲಕ್ಸಿಗೆ 37 ಬಲ್ಬ್, ಇನ್ನೊಂದಕ್ಕೆ 37. ಒಟ್ಟು 74. ಅವನ್ನು ವೃತ್ತಗಳಾಗಿ ಜೋಡಿಸಿದರು. ಒಂದೊಂದು ಬಲ್ಬಿನ ಜಾಗದಲ್ಲೂ ಬೆಳಕು ಅಳೆಯುವ ಫೋಟೋಸೆಲ್ ಇಟ್ಟು, ಯಾವ ದಿಕ್ಕಿನಿಂದ ಎಷ್ಟು ಬೆಳಕು ಬೀಳುತ್ತಿದೆ ಎಂದು ನೋಡಿದರು. ಜಾಸ್ತಿ ಬೆಳಕು ಬಂದ ದಿಕ್ಕಿಗೆ ಆ ಬಲ್ಬನ್ನು ಕೈಯಾರೆ ಸರಿಸಿದರು. ಎಲ್ಲ 74ಕ್ಕೂ ಹೀಗೇ ಮಾಡಿದ ಮೇಲೆ ಮತ್ತೆ ಮೊದಲಿಂದ ಅಳತೆ. ಅದೆಂಥ ತಾಳ್ಮೆ ನೋಡಿ. ಕೊನೆಗೆ ಅವರ ಮೇಜಿನ ಮೇಲೆ ಗ್ಯಾಲಕ್ಸಿಗಳ ಆಕಾರ ಕೆಟ್ಟು ಬಾಗಿತು, ತೋಳುಗಳು ಮೂಡಿದವು. ಇವತ್ತು ಸೂಪರ್‌ಕಂಪ್ಯೂಟರ್‌ಗಳು ಕೋಟಿಗಟ್ಟಲೆ ಕಣಗಳನ್ನಿಟ್ಟು ಮಾಡುವ ಕೆಲಸ ಶುರುವಾದದ್ದು ಆ ಬಲ್ಬುಗಳಿಂದ.

ಮೂವತ್ತು ವರ್ಷ ಕಳೆಯಿತು. 1972ರಲ್ಲಿ ಅಲಾರ್ ಮತ್ತು ಯೂರಿ ಟೂಮ್ರೆ ಎಂಬ ಅಣ್ಣತಮ್ಮಂದಿರು ಅಮೆರಿಕದಲ್ಲಿ ಇದನ್ನೇ ಕಂಪ್ಯೂಟರಿನಲ್ಲಿ ಮಾಡಿದರು. ಆಕಾಶದಲ್ಲಿ ಕೆಲವು ಗ್ಯಾಲಕ್ಸಿಗಳಿಗೆ ವಿಚಿತ್ರವಾದ ಬಾಲಗಳಿರುವುದು ಆಗಲೇ ಗೊತ್ತಿತ್ತು. ಅವು ಯಾಕಿವೆ ಅಂತ ತುಂಬಾ ಜಗಳವೂ ಇತ್ತು. ಈ ಬಾಲಗಳಿಗೆ ಬೇರೆ ಯಾವ ಮಾಯೆಯೂ ಬೇಡ, ಸುಮ್ನೆ ಸೆಳೆತ ಒಂದಿದ್ದರೆ ಸಾಕು ಅಂತ ಟೂಮ್ರೆ ಸಹೋದರರು ತೋರಿಸಿಕೊಟ್ಟರು. ಅವರು ಆರಿಸಿಕೊಂಡ ಜೋಡಿಗಳಲ್ಲಿ ಒಂದು ಆಂಟೆನಾ ಗ್ಯಾಲಕ್ಸಿಗಳು.

[ದೃಶ್ಯ: ಆಂಟೆನಾ ಗ್ಯಾಲಕ್ಸಿಗಳ ಚಿತ್ರ. ಎರಡು ಹಳದಿ ನಡುಗಳು, ಸುತ್ತ ನೀಲಿ ಮತ್ತು ಗುಲಾಬಿ ಚುಕ್ಕೆಗಳು. ಆಮೇಲೆ ದೂರದ ನೋಟದಲ್ಲಿ ಎರಡು ಉದ್ದ ಮೀಸೆಗಳು.]

ಇವುಗಳ ವಿಳಾಸ ನಮ್ಮ ರೈತರಿಗೆ ಚೆನ್ನಾಗಿ ಗೊತ್ತು. ಹಸ್ತ ನಕ್ಷತ್ರ. ಹಸ್ತಾ ಮಳೆ ಅನ್ನುತ್ತೇವಲ್ಲ, ಅದೇ ಹಸ್ತ. ಏಪ್ರಿಲ್-ಮೇ ತಿಂಗಳ ರಾತ್ರಿ ದಕ್ಷಿಣಕ್ಕೆ ಮುಖ ಮಾಡಿ ನಿಂತರೆ, ಚಿತ್ತಾ ನಕ್ಷತ್ರದ ಪಕ್ಕದಲ್ಲಿ ಅಂಗೈಯಂತೆ ಕಾಣುವ ಸಣ್ಣ ಗುಂಪು. ಆ ಕಡೆಗೇ, ಬರಿಗಣ್ಣಿಗೆ ಕಾಣದಷ್ಟು ಮಂಕಾಗಿ, ಸುಮಾರು 6.5 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಈ ಎರಡು ಗ್ಯಾಲಕ್ಸಿಗಳು ಒಂದನ್ನೊಂದು ಹೆಣೆದುಕೊಳ್ಳುತ್ತಿವೆ.

ಚಿತ್ರವನ್ನು ಗಮನವಿಟ್ಟು ನೋಡಿ. ಹಳದಿ ಭಾಗ ಹಳೆಯ ನಕ್ಷತ್ರಗಳದ್ದು, ಎರಡು ಗ್ಯಾಲಕ್ಸಿಗಳ ನಡುಭಾಗ. ಕಂದು ಗೆರೆಗಳು ಧೂಳು. ಮತ್ತೆ ಈ ನೀಲಿ ಚುಕ್ಕೆಗಳಿವೆಯಲ್ಲ, ಇವು ಬಿಡಿ ನಕ್ಷತ್ರಗಳಲ್ಲ. ಒಂದೊಂದೂ ಸಾವಿರಾರು, ಲಕ್ಷಾಂತರ ಎಳೆಯ ನಕ್ಷತ್ರಗಳ ಗೊಂಚಲು. ಹಬಲ್ ದೂರದರ್ಶಕ 1990ರ ದಶಕದಲ್ಲಿ ಇಲ್ಲಿ ಇಂಥ ಸಾವಿರಕ್ಕೂ ಹೆಚ್ಚು ಗೊಂಚಲುಗಳನ್ನು ತೋರಿಸಿತು.

ಇವು ಹುಟ್ಟಿದ್ದು ಹೇಗೆ? ಈಗ ಮೊದಲಿನ ಪ್ರಶ್ನೆಗೆ ಉತ್ತರ ಸಿಗುತ್ತದೆ. ನಕ್ಷತ್ರಗಳು ಗುದ್ದುವುದಿಲ್ಲ. ಅನಿಲ ಗುದ್ದುತ್ತದೆ.

ನಕ್ಷತ್ರಗಳ ನಡುವಿನ ಜಾಗ ಖಾಲಿ ಅಂದೆನಲ್ಲ, ಅದು ಪೂರ್ತಿ ಖಾಲಿಯಲ್ಲ. ಅಲ್ಲಲ್ಲಿ ಹೈಡ್ರೋಜನ್ ಮೋಡಗಳಿವೆ. ದೊಡ್ಡವು ನೂರು ಜ್ಯೋತಿರ್ವರ್ಷದಷ್ಟು ಅಗಲ. ಇವು ಸಾಸಿವೆ ಕಾಳುಗಳಲ್ಲ, ಒಂದನ್ನೊಂದು ತಪ್ಪಿಸಿಕೊಳ್ಳಲಾರವು. ಗುದ್ದಿದ ರಭಸಕ್ಕೆ ಅನಿಲ ಒತ್ತಿಕೊಳ್ಳುತ್ತದೆ. ಒತ್ತಿಕೊಂಡ ಅನಿಲ ತನ್ನದೇ ಭಾರಕ್ಕೆ ಕುಸಿಯುತ್ತದೆ. ಕುಸಿದು ಕುಸಿದು ನಡುವೆ ಬಿಸಿಯಾಗಿ, ಕೊನೆಗೆ ನಕ್ಷತ್ರವಾಗಿ ಹೊತ್ತಿಕೊಳ್ಳುತ್ತದೆ. ಒಂದಲ್ಲ, ಒಟ್ಟೊಟ್ಟಿಗೆ ಸಾವಿರಾರು.

ನಮ್ಮ ಹಾಲುಹಾದಿಯಲ್ಲಿ ವರ್ಷಕ್ಕೆ ಒಂದೆರಡು ಸೂರ್ಯರಷ್ಟು ಅನಿಲ ಮಾತ್ರ ಹೊಸ ನಕ್ಷತ್ರಗಳಾಗುತ್ತದೆ. ಆರ್ಪ್ 220 ಅಂತ ಒಂದು ಗ್ಯಾಲಕ್ಸಿ ಇದೆ. ಎರಡು ಗ್ಯಾಲಕ್ಸಿಗಳು ಸೇರಿ ಒಂದಾಗುತ್ತಿರುವ ಜಾಗ ಅದು. ಅಲ್ಲಿ ಇದರ ನೂರು ಪಟ್ಟಿಗೂ ಹೆಚ್ಚು. ಆದರೆ ಧೂಳು ಎಲ್ಲವನ್ನೂ ಮುಚ್ಚಿಬಿಟ್ಟಿದೆ. ಶಾಖದ ಕಿರಣಗಳನ್ನು, ಅಂದರೆ ಇನ್‌ಫ್ರಾರೆಡ್ ಅನ್ನು ಹಿಡಿಯುವ ಉಪಗ್ರಹ 1983ರಲ್ಲಿ ಮೇಲೆ ಹೋದ ಮೇಲೆಯೇ ಇಂಥ ಗ್ಯಾಲಕ್ಸಿಗಳು ಎಷ್ಟು ಧಗಧಗಿಸುತ್ತಿವೆ ಎಂದು ತಿಳಿದದ್ದು.

ಡಿಕ್ಕಿ ಅಂದ ಕೂಡಲೇ ನಮ್ಮ ಮನಸ್ಸಿಗೆ ನಾಶ ಬರುತ್ತದೆ, ಅಲ್ವಾ? ಇಲ್ಲಿ ನಡೆಯುತ್ತಿರುವುದು ಹೆರಿಗೆ.

ಒಮ್ಮೆ ಹಾದುಹೋದ ಗ್ಯಾಲಕ್ಸಿಗಳು ಸುಮ್ಮನೆ ದೂರ ಹೋಗಿಬಿಡುವುದಿಲ್ಲ. ಹಾದುಹೋಗುವಾಗ ತಮ್ಮ ಓಟದ ಶಕ್ತಿಯನ್ನು ತಮ್ಮೊಳಗಿನ ನಕ್ಷತ್ರಗಳಿಗೂ, ಸುತ್ತ ಹರಡಿದ, ಕಣ್ಣಿಗೆ ಕಾಣದಿದ್ದರೂ ಸೆಳೆತವಿರುವ ಕಪ್ಪುದ್ರವ್ಯಕ್ಕೂ ಹಂಚಿಬಿಡುತ್ತವೆ. ವೇಗ ಇಳಿಯುತ್ತದೆ. ತಿರುಗಿ ಬೀಳುತ್ತವೆ. ಮತ್ತೆ ಹಾಯುತ್ತವೆ, ಮತ್ತೆ ಬೀಳುತ್ತವೆ. ನೂರು ಕೋಟಿ ವರ್ಷ, ಇನ್ನೂರು ಕೋಟಿ ವರ್ಷ. ಕೊನೆಗೆ ಒಂದೇ ಗ್ಯಾಲಕ್ಸಿ ಉಳಿಯುತ್ತದೆ. ಎರಡೂ ದೊಡ್ಡವಾಗಿದ್ದರೆ ತಟ್ಟೆಯ ಆಕಾರವೂ, ಸುರುಳಿ ತೋಳುಗಳೂ ಸಾಮಾನ್ಯವಾಗಿ ಅಳಿಸಿಹೋಗಿ, ಮೊಟ್ಟೆಯಂಥ ಗುಂಡಗಿನ ರಾಶಿಯಾಗುತ್ತದೆ.

ನಡುವಿನ ಕಪ್ಪುಕುಳಿಗಳು, ಅಂದರೆ ಬೆಳಕೂ ತಪ್ಪಿಸಿಕೊಳ್ಳಲಾರದಷ್ಟು ಸೆಳೆತವಿರುವ ಜಾಗಗಳು? ಹೆಚ್ಚುಕಡಿಮೆ ಪ್ರತಿ ದೊಡ್ಡ ಗ್ಯಾಲಕ್ಸಿಯ ಹೊಟ್ಟೆಯಲ್ಲೂ ಒಂದು ದೈತ್ಯ ಕಪ್ಪುಕುಳಿ ಇದೆ. ನಮ್ಮದು ಸುಮಾರು 40 ಲಕ್ಷ ಸೂರ್ಯರಷ್ಟು ಭಾರ. ಗ್ಯಾಲಕ್ಸಿಗಳು ಸೇರಿದಾಗ ಇವೂ ನಿಧಾನಕ್ಕೆ ನಡುವಿಗೆ ಇಳಿದು ಒಂದನ್ನೊಂದು ಸುತ್ತುತ್ತವೆ. ಈ ಸಂಗತಿಯಲ್ಲಿ ಬೆಂಗಳೂರಿನ ಕೈಯೂ ಇದೆ. ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯ ತಂಡ ಎನ್‌ಜಿಸಿ 7733 ಮತ್ತು 7734 ಎಂಬ ಜೋಡಿಯನ್ನು ಪರೀಕ್ಷಿಸುತ್ತಿತ್ತು. ಅದಕ್ಕೆ ನಮ್ಮ ಆಸ್ಟ್ರೋಸ್ಯಾಟ್ ಉಪಗ್ರಹದ ಅತಿನೇರಳೆ ದೂರದರ್ಶಕದ ಚಿತ್ರಗಳನ್ನೂ ಬಳಸಿದ್ದರು. 7733ರ ತೋಳಿನಲ್ಲಿ ಒಂದು ಹೊಳೆಯುವ ಗಂಟು ಕಂಡಿತು. ಅದು ಬೇರೆಯೇ ವೇಗದಲ್ಲಿ ಚಲಿಸುತ್ತಿತ್ತು. ತೋಳಿನ ಭಾಗವಾಗಿದ್ದರೆ ಹಾಗಿರುವುದಿಲ್ಲ. ಅದು ಮೂರನೇ ಗ್ಯಾಲಕ್ಸಿ! ಮೂರರ ಹೊಟ್ಟೆಯಲ್ಲೂ ಅನಿಲ ನುಂಗುತ್ತಿರುವ ಒಂದೊಂದು ದೈತ್ಯ ಕಪ್ಪುಕುಳಿ. 2021ರಲ್ಲಿ ಈ ಸುದ್ದಿ ಬಂದ ದಿನ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

[ದೃಶ್ಯ: ರಾತ್ರಿ ಆಕಾಶದಲ್ಲಿ ಹಾಲುಹಾದಿ.]

ಈಗ ನಮ್ಮ ಮನೆಯ ವಿಷಯ.

1912ರಲ್ಲಿ ಅಮೆರಿಕದ ಲೋವೆಲ್ ವೀಕ್ಷಣಾಲಯದಲ್ಲಿ ವೆಸ್ಟೊ ಸ್ಲೈಫರ್ ಆಂಡ್ರೊಮಿಡಾದ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ನೋಡಿದರು. ಅದು ನಮ್ಮ ಕಡೆಗೇ ಬರುತ್ತಿತ್ತು. ನಮ್ಮ ಸೂರ್ಯನ ಸ್ವಂತ ಓಟವನ್ನು ಕಳೆದ ಮೇಲೆ ಉಳಿಯುವ ವೇಗ ಸೆಕೆಂಡಿಗೆ ಸುಮಾರು 110 ಕಿಲೋಮೀಟರ್. ದಿನಕ್ಕೆ 95 ಲಕ್ಷ ಕಿಲೋಮೀಟರ್ ಹತ್ತಿರ.

2012ರಲ್ಲಿ ಹಬಲ್ ಅಳತೆಗಳಿಂದ, ಇನ್ನು 400 ಕೋಟಿ ವರ್ಷದಲ್ಲಿ ಡಿಕ್ಕಿ ಖಚಿತ ಅಂದಿದ್ದರು. ನೀವೂ ಕೇಳಿರುತ್ತೀರಿ. ಆದರೆ 2025ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ಟಿಲ್ ಸವಾಲಾ ಮತ್ತು ಜೊತೆಗಾರರು ಇದನ್ನು ಮತ್ತೆ ಲೆಕ್ಕ ಹಾಕಿದರು. ಅಳತೆಗಳಲ್ಲಿರುವ ಸಣ್ಣ ಸಣ್ಣ ಅನುಮಾನಗಳನ್ನೆಲ್ಲ ಸೇರಿಸಿ ಲೆಕ್ಕವನ್ನು ಕಂಪ್ಯೂಟರಿನಲ್ಲಿ 1 ಲಕ್ಷ ಸಲ ಓಡಿಸಿದರು. ನಮ್ಮ ಪಕ್ಕದ ಸಣ್ಣ ಗ್ಯಾಲಕ್ಸಿ, ದೊಡ್ಡ ಮೆಗಲಾನಿಕ್ ಮೋಡದ ಸೆಳೆತವನ್ನೂ ಸೇರಿಸಿದರು. ಅದು ನಮ್ಮನ್ನು ಸ್ವಲ್ಪ ಪಕ್ಕಕ್ಕೆ ಎಳೆಯುತ್ತದೆ. ಬಂದ ಉತ್ತರ: ಮುಂದಿನ 1000 ಕೋಟಿ ವರ್ಷದಲ್ಲಿ ಎರಡೂ ಸೇರುವ ಸಾಧ್ಯತೆ ಅರ್ಧಕ್ಕರ್ಧ. 400-500 ಕೋಟಿ ವರ್ಷದಲ್ಲೇ ನೇರ ಡಿಕ್ಕಿ ಆಗುವ ಸಾಧ್ಯತೆ ನೂರಕ್ಕೆ 2 ಮಾತ್ರ. ಖಚಿತ ಅಂದಿದ್ದನ್ನು ವಿಜ್ಞಾನಿಗಳೇ ಮತ್ತೆ ತೂಗಿ ನೋಡಿ, ಹಾಗಲ್ಲ ಅಂದರು. ನನಗೆ ಇದು ಡಿಕ್ಕಿಯಷ್ಟೇ ದೊಡ್ಡ ಸುದ್ದಿ.

ಆಗ ಭೂಮಿಗೆ ಏನಾಗುತ್ತದೆ ಅಂತ ಕೇಳುವವರು ತುಂಬಾ ಜನ. ಡಿಕ್ಕಿಯಿಂದ ಏನೂ ಆಗುವ ಹಾಗಿಲ್ಲ. ಸೂರ್ಯ ತನ್ನ ಗ್ರಹಗಳ ಸಮೇತ ಗ್ಯಾಲಕ್ಸಿಯ ಬೇರೆ ಮೂಲೆಗೆ ಹೋಗಿ ಬೀಳಬಹುದು, ಅಷ್ಟೆ. ಅದಕ್ಕೂ ಎಷ್ಟೋ ಮೊದಲೇ, ಸುಮಾರು 100 ಕೋಟಿ ವರ್ಷದಲ್ಲಿ, ಸೂರ್ಯನ ಬಿಸಿ ಏರಿ ನಮ್ಮ ಸಮುದ್ರಗಳು ಆರತೊಡಗುತ್ತವೆ.

ಆದರೆ ಡಿಕ್ಕಿಗಾಗಿ ಅಷ್ಟು ಕಾಯಬೇಕಾಗಿಲ್ಲ. ಈಗಲೇ ಒಂದು ನಡೆಯುತ್ತಿದೆ. 1994ರಲ್ಲಿ ಹಾಲುಹಾದಿಯ ನಡುಭಾಗದ ಆಚೆ ಬದಿಯಲ್ಲಿ ಧನು ರಾಶಿಯ ಕಡೆ ಒಂದು ಕುಬ್ಜ ಗ್ಯಾಲಕ್ಸಿ ಸಿಕ್ಕಿತು. ನಾವು ಅದನ್ನು ಎಳೆದೆಳೆದು ಚಿಂದಿ ಮಾಡುತ್ತಿದ್ದೇವೆ. ಅದರ ನಕ್ಷತ್ರಗಳು ದಾರದಂತೆ ನಮ್ಮ ಗ್ಯಾಲಕ್ಸಿಯನ್ನು ಸುತ್ತಿಕೊಂಡಿವೆ. ಇದಕ್ಕಿಂತ ಹಳೆಯದೂ ಒಂದಿದೆ. 2018ರಲ್ಲಿ, ನಕ್ಷತ್ರಗಳ ಜಾಗ ಮತ್ತು ಓಟವನ್ನು ಅಳೆದ ಗಾಯಾ ಉಪಗ್ರಹದ ಅಳತೆಗಳನ್ನು ನೋಡುತ್ತಿದ್ದಾಗ, ನಮ್ಮ ಅಕ್ಕಪಕ್ಕದ ಕೆಲವು ನಕ್ಷತ್ರಗಳು ಉಳಿದವುಗಳ ಜೊತೆ ಸುತ್ತದೆ ಬೇರೆಯೇ ದಾರಿಯಲ್ಲಿ ಓಡಾಡುತ್ತಿರುವುದು ಗೊತ್ತಾಯಿತು. ಅವು ಇಲ್ಲಿ ಹುಟ್ಟಿದವಲ್ಲ. ಸುಮಾರು 1000 ಕೋಟಿ ವರ್ಷದ ಹಿಂದೆ ನಮ್ಮೊಳಗೆ ಬಿದ್ದ ಇನ್ನೊಂದು ಗ್ಯಾಲಕ್ಸಿಯವು.

[ದೃಶ್ಯ: ಊರಾಚೆಯ ಬಯಲು, ನವೆಂಬರ್ ರಾತ್ರಿ. ಆಕಾಶದಲ್ಲಿ ಚೌಕವೊಂದನ್ನು ಗೆರೆ ಎಳೆದು ತೋರಿಸುತ್ತದೆ.]

ಆಂಡ್ರೊಮಿಡಾವನ್ನು ನೋಡಲು ದೂರದರ್ಶಕ ಬೇಡ. ನವೆಂಬರ್‌ನಲ್ಲಿ, ಅಮಾವಾಸ್ಯೆಯ ಆಸುಪಾಸಿನಲ್ಲಿ, ಬೀದಿದೀಪ ಇಲ್ಲದ ಕಡೆ ಹೋಗಿ. ರಾತ್ರಿ ಎಂಟರ ಮೇಲೆ ತಲೆ ಎತ್ತಿದರೆ ಪೂರ್ವಾಭಾದ್ರ ಮತ್ತು ಉತ್ತರಾಭಾದ್ರ ಸೇರಿ ಆಗುವ ದೊಡ್ಡ ಚೌಕ ಕಾಣುತ್ತದೆ. ಅದರ ಈಶಾನ್ಯ ಮೂಲೆಯ ನಕ್ಷತ್ರದಿಂದ ಅದೇ ಕಡೆಗೆ ಎರಡು ನಕ್ಷತ್ರ ಎಣಿಸಿ. ಎರಡನೆಯದರಿಂದ ಎಡಕ್ಕೆ, ಉತ್ತರದ ಕಡೆಗೆ ತಿರುಗಿ ಎರಡು ಮಂಕು ನಕ್ಷತ್ರ ದಾಟಿ. ಅಲ್ಲೇ ಪಕ್ಕದಲ್ಲಿ, ಗಾಜಿನ ಮೇಲೆ ಉಸಿರು ಬಿಟ್ಟ ಹಾಗೆ ಒಂದು ಮಬ್ಬು ಗುರುತು. ಹತ್ತು ನಿಮಿಷ ಮೊಬೈಲ್ ಜೇಬಿನಲ್ಲೇ ಇರಲಿ, ಕಣ್ಣು ಕತ್ತಲೆಗೆ ಹೊಂದಿಕೊಳ್ಳಬೇಕು. ಆಮೇಲೂ ನೇರವಾಗಿ ದಿಟ್ಟಿಸಬೇಡಿ. ಸ್ವಲ್ಪ ಪಕ್ಕಕ್ಕೆ ನೋಡಿ, ಆಗ ಕಾಣುತ್ತದೆ.